ಟಿಪ್ಪುವಿನ ಸೋದರಳಿಯ ಕಡಲಿಗಿಳಿದ ಕಥೆ

ಫ್ರೆಂಚ್ ಕಾದಂಬರಿಕಾರ ಜೂಲ್ಸ್ ವರ್ನ್‌ನ ‘ನಿಗೂಢ ದ್ವೀಪ’ 1875ರಲ್ಲಿ ಮುಗಿದಾಗ ಓದುಗರ ಐದು ವರ್ಷಗಳ ಕುತೂಹಲವೊಂದು ತಣಿಯಿತು. ಅದಕ್ಕೂ ಮೊದಲು ಬಂದಿದ್ದ ‘ಕಡಲಡಿಯಲ್ಲಿ ಇಪ್ಪತ್ತು ಸಾವಿರ ಲೀಗ್’ ಕಾದಂಬರಿಯ ಕ್ಯಾಪ್ಟನ್ ನೆಮೊ ನಾಟಿಲಸ್ ಎಂಬ ಜಲಾಂತರ್ಗಾಮಿಯಲ್ಲಿ ಲೋಕದ ಕಣ್ಣು ತಪ್ಪಿಸಿ ತಿರುಗುತ್ತಿದ್ದ, ಎದುರಾದ ಯುದ್ಧನೌಕೆಯ ಹೊಟ್ಟೆ ಸೀಳಿ ಮುಳುಗಿಸುತ್ತಿದ್ದ. ಅವನು ಯಾರು, ಯಾರ ಮೇಲೆ ಅವನಿಗೆ ಅಂಥ ಹಗೆ ಎಂಬುದನ್ನು ವರ್ನ್ ಎಲ್ಲೂ ಬಾಯಿಬಿಟ್ಟಿರಲಿಲ್ಲ. ‘ನಿಗೂಢ ದ್ವೀಪ’ದ ಕೊನೆಯಲ್ಲಿ, ಸಾಯುವ ಹೊತ್ತಿಗೆ, ಗುಟ್ಟು ಹೊರಬೀಳುತ್ತದೆ. ನೆಮೊ ಬುಂದೇಲಖಂಡದ ರಾಜನೊಬ್ಬನ ಮಗ, ಹೆಸರು ಡಕ್ಕರ್. ಟಿಪ್ಪು ಸುಲ್ತಾನನ ಸೋದರಳಿಯ.

ಶ್ರೀರಂಗಪಟ್ಟಣದ ಯುದ್ಧದ ಕಥೆಗಳನ್ನು ಕೇಳುತ್ತಲೇ ಬೆಳೆದ ಭೇರ್ಯ, ಪಿರಿಯಾಪಟ್ಟಣ, ಹುಣಸೂರಿನ ಕಡೆಯ ಹುಡುಗರಿಗೆ ಶಾಲೆಯ ಲೈಬ್ರರಿಯಲ್ಲಿ ವರ್ನ್ ಸಿಕ್ಕರೂ ಈ ನಂಟಿನ ಸುಳಿವು ಸಿಗುವುದು ಕಡಿಮೆ. ಮಕ್ಕಳಿಗೆಂದು ಸಂಕ್ಷೇಪಿಸಿದ ಪುಸ್ತಕಗಳಲ್ಲಿ ಮೊದಲು ಕತ್ತರಿ ಬೀಳುವುದೇ ಇಂಥ ವಂಶಾವಳಿಯ ಪುಟಗಳಿಗೆ.

ವರ್ನ್‌ನ ಮೊದಲ ಲೆಕ್ಕಾಚಾರದಲ್ಲಿ ನೆಮೊ ಭಾರತದವನಾಗಿರಲಿಲ್ಲ, ಪೋಲೆಂಡಿನ ಶ್ರೀಮಂತ ಮನೆತನದವನಾಗಿದ್ದ. 1863ರಲ್ಲಿ ಪೋಲೆಂಡಿನ ಜನ ರಷ್ಯದ ಚಕ್ರವರ್ತಿಯ ವಿರುದ್ಧ ಎದ್ದು ನೆತ್ತರಲ್ಲಿ ಮುಳುಗಿದ್ದು ಆಗಿನ್ನೂ ಹಸಿ ಸುದ್ದಿ. ಹೆಂಡತಿ ಮಕ್ಕಳನ್ನು ಕಳೆದುಕೊಂಡ ಅಂಥವನೊಬ್ಬ ರಷ್ಯದ ಹಡಗನ್ನು ಮುಳುಗಿಸಿದರೆ ಯಾರೂ ಏಕೆಂದು ಕೇಳರು ಎಂಬುದು ವರ್ನ್‌ನ ವಾದ. ಪ್ರಕಾಶಕ ಹೆಟ್ಜೆಲ್ ಒಪ್ಪಲಿಲ್ಲ. ರಷ್ಯದ ಜೊತೆ ಫ್ರಾನ್ಸಿನ ಸಂಬಂಧವೂ ಇತ್ತು, ಅಲ್ಲಿ ಪುಸ್ತಕದ ಮಾರುಕಟ್ಟೆಯೂ ಇತ್ತು. ಬೇಕಾದರೆ ನೆಮೊ ಗುಲಾಮರ ವ್ಯಾಪಾರಿಗಳ ಶತ್ರುವಾಗಲಿ ಎಂದು ಹೆಟ್ಜೆಲ್ ಹೇಳಿದ್ದಕ್ಕೆ ವರ್ನ್ ಜಗ್ಗಲಿಲ್ಲ. ಪತ್ರಗಳಲ್ಲಿ ಹಗ್ಗಜಗ್ಗಾಟ ನಡೆದು, ಕೊನೆಗೆ ನಾಯಕನಿಗೆ ಊರೂ ಇಲ್ಲ ಶತ್ರುವಿನ ಹೆಸರೂ ಇಲ್ಲ ಎಂಬಲ್ಲಿಗೆ ರಾಜಿಯಾಯಿತು. ಓದುಗರು ರಹಸ್ಯವೆಂದು ಮೆಚ್ಚಿಕೊಂಡದ್ದರ ಹಿಂದೆ ಇದ್ದದ್ದು ಪ್ರಕಾಶಕನ ಅಂಜಿಕೆ.

ಆದರೂ ಮೊದಲ ಕಾದಂಬರಿಯಲ್ಲೇ ಒಂದು ಎಳೆ ಉಳಿದುಕೊಂಡಿತ್ತು. ಸಿಂಹಳದ ಬಳಿ ಮುತ್ತಿಗಾಗಿ ಮುಳುಗಿದ ಬಡ ಭಾರತೀಯನೊಬ್ಬನನ್ನು ನೆಮೊ ಶಾರ್ಕ್‌ನ ಬಾಯಿಂದ ಬಿಡಿಸಿ, ಕೈಗೆ ಮುತ್ತಿನ ಚೀಲವನ್ನಿಟ್ಟು ಹೋಗುತ್ತಾನೆ. ತುಳಿತಕ್ಕೊಳಗಾದ ನಾಡಿನವನು ಅವನು, ತಾನೂ ಅಂಥವರ ಪೈಕಿಯೇ ಎಂದು ಆಮೇಲೆ ಹೇಳುತ್ತಾನೆ. 1866ರಲ್ಲಿ ತುರ್ಕರ ವಿರುದ್ಧ ದಂಗೆಯೆದ್ದ ಕ್ರೀಟ್ ದ್ವೀಪದವರಿಗೆ ಪೆಟ್ಟಿಗೆಗಟ್ಟಲೆ ಚಿನ್ನ ಕಳಿಸುತ್ತಾನೆ. ಪತ್ರಿಕೆಯಲ್ಲಿ ಅಂದಂದು ಓದಿದ್ದನ್ನು ಮರುವರ್ಷ ಕಥೆಗೆ ಬೆಸೆಯುವುದು ವರ್ನ್‌ಗೆ ರೂಢಿ.

ಹಾಗಿದ್ದರೆ ಟಿಪ್ಪುವೇ ಏಕೆ? ಫ್ರಾನ್ಸಿನ ಮನೆಮಾತಿನಲ್ಲಿ ‘ತಿಪ್ಪೊ ಸಾಯೆಬ್’ ಹಳೆಯ ಹೆಸರು. ಟಿಪ್ಪುವಿನ ಮೂವರು ರಾಯಭಾರಿಗಳು 1788ರಲ್ಲಿ ತೂಲೋನ್ ಬಂದರಿನಲ್ಲಿಳಿದು, ಆಗಸ್ಟ್‌ನಲ್ಲಿ ವರ್ಸೇಲ್ಸ್ ಅರಮನೆಯಲ್ಲಿ ಹದಿನಾರನೆಯ ಲೂಯಿಯನ್ನು ಕಂಡಿದ್ದರು. ಅವರಿಗೆ ಬೇಕಾಗಿದ್ದ ಸೈನ್ಯ ಸಿಗಲಿಲ್ಲ. ಸೆವ್ರ್ ಕಾರ್ಖಾನೆಯ ಪಿಂಗಾಣಿ ಸಿಕ್ಕಿತು, ಒಂದಿಷ್ಟು ಕುಶಲಕರ್ಮಿಗಳು ಜೊತೆಗೆ ಬಂದರು. ಯೌವನದಲ್ಲಿ ಭಾರತದಲ್ಲಿ ಸೈನಿಕನಾಗಿದ್ದ ಎತಿಯೆನ್ ದ ಜೂಯಿ ಬರೆದ ‘ತಿಪ್ಪೊ ಸಾಯೆಬ್’ ದುರಂತ ನಾಟಕ 1813ರಲ್ಲಿ ಪ್ಯಾರಿಸ್ಸಿನ ರಂಗವೇರಿತು. ವರ್ನ್ ಹುಟ್ಟುವುದಕ್ಕೆ 15 ವರ್ಷ ಮೊದಲೇ, ಇಂಗ್ಲಿಷರಿಗೆ ಮಣಿಯದವನೆಂದು ಅಲ್ಲಿ ಟಿಪ್ಪು ಚಪ್ಪಾಳೆ ಗಿಟ್ಟಿಸಿಕೊಂಡಿದ್ದ. ಪ್ರಕಾಶಕನಿಗೂ ತಕರಾರಿರಲಿಲ್ಲ. ಇಂಗ್ಲಿಷರನ್ನು ಶತ್ರುವಾಗಿಸಿದರೆ ಫ್ರಾನ್ಸಿನಲ್ಲಿ ಯಾರಿಗೆ ಏನು ನಷ್ಟ?

ನಾಟಿಲಸ್ ಹೆಸರೂ ವರ್ನ್‌ನ ಸ್ವಂತದ್ದಲ್ಲ. ಅಮೆರಿಕದ ರಾಬರ್ಟ್ ಫುಲ್ಟನ್ ಎಂಬ ಎಂಜಿನಿಯರ್ ನೀರಡಿಯ ದೋಣಿಯೊಂದರ ಯೋಜನೆಯನ್ನು 1797ರಲ್ಲಿ ಫ್ರೆಂಚ್ ಸರ್ಕಾರದ ಮುಂದಿಟ್ಟ, 1800ರಲ್ಲಿ ಕಟ್ಟಿ ಮುಗಿಸಿದ. ಅದರ ಹೆಸರೂ ನಾಟಿಲಸ್ಸೇ. ಇಂಗ್ಲಿಷರ ನೌಕಾಬಲವನ್ನು ಮುರಿಯುವುದು ಅದರ ಉದ್ದೇಶ. ಅದೇ 1797ರಲ್ಲಿ ರಿಪೋ ಎಂಬ ಫ್ರೆಂಚ್ ನಾವಿಕ ಮುರುಕಲು ಹಡಗಿನಲ್ಲಿ ಮಂಗಳೂರು ಸೇರಿ ಟಿಪ್ಪುವಿನ ಆಸ್ಥಾನದಲ್ಲಿ ದೊಡ್ಡ ಮಾತಾಡುತ್ತಿದ್ದ. 1799ರ ಜನವರಿಯಲ್ಲಿ ನೆಪೋಲಿಯನ್ ಕೈರೋದಿಂದ ಟಿಪ್ಪುವಿಗೆ ಪತ್ರ ಬರೆದ, ಅದು ಇಂಗ್ಲಿಷರ ಕೈಗೆ ಬಿತ್ತು. ಹೊಸ ದೋಣಿ, ದೂರದ ಮೈತ್ರಿ ಎರಡೂ ಕೈಗೂಡಲಿಲ್ಲ.

ಪತ್ರ ಬರೆದು ಎರಡು ತಿಂಗಳೂ ಆಗಿರಲಿಲ್ಲ, ಟಿಪ್ಪು ಪಿರಿಯಾಪಟ್ಟಣದ ಬಳಿ ಬೀಡುಬಿಟ್ಟಿದ್ದ. ಇಂಗ್ಲಿಷರ ಮುಂಬೈ ಸೈನ್ಯ ಕಣ್ಣೂರಿನಿಂದ ಹೊರಟು ಕೊಡಗಿನ ಘಟ್ಟ ಹತ್ತಿ ಬಂದಿತ್ತು. ಇಂಗ್ಲಿಷರ ದಾಖಲೆಗಳಲ್ಲಿ ಸೆಡಸೀರ್ ಎನಿಸಿಕೊಂಡ ಸಿದ್ಧೇಶ್ವರ ಗುಡ್ಡದ ಮೇಲಿನ ಕಾವಲಿನವರು ಮಾರ್ಚ್ 5ರಂದು ಕೆಳಗೆ ಡೇರೆಗಳು ಏಳುವುದನ್ನು ಕಂಡರು. ನಡುವೆ ಒಂದು ದೊಡ್ಡ ಹಸಿರು ಡೇರೆ. ಅದರಿಂದಲೇ ಸುಲ್ತಾನ ಖುದ್ದು ಬಂದಿದ್ದಾನೆಂದು ಅವರು ಊಹಿಸಿದರು. ಮರುದಿನ ಬೆಳಿಗ್ಗೆ ಮೈಸೂರಿನವರು ಕಾಡಿನ ಮರೆಯಲ್ಲಿ ನುಗ್ಗಿ ಇಂಗ್ಲಿಷರ ಅಧಿಕಾರಿ ಮಾಂಟ್ರೆಸರ್‌ನ ಪಡೆಯನ್ನು ಸುತ್ತುಗಟ್ಟಿದರು. ಜನರಲ್ ಸ್ಟುವರ್ಟ್ ಹೆಚ್ಚಿನ ಬಲ ತಂದ ಮೇಲೆ ಮೈಸೂರಿನವರು ಹಿಂದೆ ಸರಿಯಬೇಕಾಯಿತು. ಅಲ್ಲಿಂದ ಎರಡು ತಿಂಗಳೊಳಗೆ, ಮೇ 4ರಂದು, ಶ್ರೀರಂಗಪಟ್ಟಣ ಬಿತ್ತು.

ಇಲ್ಲೇ ವರ್ನ್‌ನ ಲೆಕ್ಕ ತಪ್ಪುವುದು. ಡಕ್ಕರ್ ಹತ್ತು ವರ್ಷದವನಿದ್ದಾಗ ಯುರೋಪಿಗೆ ಹೋಗಿ, ಮೂವತ್ತರವರೆಗೆ ಅಲ್ಲಿ ಕಲಿತು, 1849ರಲ್ಲಿ ಊರಿಗೆ ಮರಳುತ್ತಾನೆ. ಅಂದರೆ ಹುಟ್ಟಿದ್ದು 1819ರ ಸುಮಾರಿಗೆ, ಮಾವ ಸತ್ತು ಇಪ್ಪತ್ತು ವರ್ಷದ ಮೇಲೆ. ಬುಂದೇಲಖಂಡದ ರಾಜನಿಗೆ ಟಿಪ್ಪುವಿನ ಮನೆಯ ಹೆಣ್ಣು ಹೇಗೆ ಸಿಕ್ಕಳೆಂಬುದಕ್ಕೂ ಉತ್ತರವಿಲ್ಲ. ಎರಡು ಕಾದಂಬರಿಗಳ ಇಸವಿಗಳೂ ಒಂದಕ್ಕೊಂದು ಕೂಡುವುದಿಲ್ಲ. ಮೈಸೂರಿನ ಸೋಲಿಗೆ 1857ರ ಸಿಪಾಯಿ ದಂಗೆಯನ್ನು ಗಂಟುಹಾಕಿ, ಎರಡರ ಸಿಟ್ಟನ್ನೂ ಒಬ್ಬನ ಎದೆಗೆ ತುಂಬುವುದು ವರ್ನ್‌ಗೆ ಬೇಕಿತ್ತು, ತುಂಬಿದ. ಕಥೆಗಾರನಾಗಿ ಅವನ ತೀರ್ಮಾನ ಸರಿಯೆಂದೇ ಹೇಳಬೇಕು.

ನಿಜವಾದ ಸಂತಾನದ ಪಾಡು ಬೇರೆ. ಟಿಪ್ಪುವಿನ ಮಕ್ಕಳನ್ನು ಮೊದಲು ವೆಲ್ಲೂರಿನ ಕೋಟೆಯಲ್ಲಿಟ್ಟು, 1806ರ ಜುಲೈನಲ್ಲಿ ಅಲ್ಲಿ ಸಿಪಾಯಿಗಳು ದಂಗೆಯೆದ್ದ ಮೇಲೆ ಕಲ್ಕತ್ತೆಗೆ ಸಾಗಿಸಲಾಯಿತು. ಕಿರಿಯ ಮಗ ಗುಲಾಮ್ ಮೊಹಮ್ಮದ್ 1842ರಲ್ಲಿ ಧರ್ಮತಲಾದಲ್ಲಿ ಅಪ್ಪನ ಹೆಸರಿನ ಮಸೀದಿ ಕಟ್ಟಿಸಿದ. ಇಂಗ್ಲಿಷರಿಂದ ಪಿಂಚಣಿ ಪಡೆದ, ಕೊನೆಗಾಲದಲ್ಲಿ ‘ಸರ್’ ಪದವಿಯನ್ನೂ ಪಡೆದು 1872ರಲ್ಲಿ ತೀರಿಕೊಂಡ. ಅದಾಗಿ ಮೂರು ವರ್ಷಕ್ಕೆ ಕಾದಂಬರಿಯ ಸೋದರಳಿಯ ನಾಟಿಲಸ್ ಜೊತೆಗೇ ಜಲಸಮಾಧಿಯಾದ.

ಮೈಸೂರು ವೈಜ್ಞಾನಿಕ ಕಾದಂಬರಿಗಳ ಲೋಕಕ್ಕೆ ಹೆಸರಿಗಿಂತ ಗಟ್ಟಿಯಾದುದನ್ನೂ ದಾಟಿಸಿದೆ. ಹೈದರ್ ಮತ್ತು ಟಿಪ್ಪುವಿನ ರಾಕೆಟ್ಟುಗಳಲ್ಲಿ ಮದ್ದು ತುಂಬಿದ್ದು ಕಾಗದದ ಸುರುಳಿಗಲ್ಲ, ಕಬ್ಬಿಣದ ಕೊಳವೆಗೆ. ಕೊಳವೆಯನ್ನು ತೊಗಲಿನ ಪಟ್ಟಿಯಿಂದ ಉದ್ದನೆಯ ಬಿದಿರಿಗೆ ಬಿಗಿಯುತ್ತಿದ್ದರು. ಕಬ್ಬಿಣ ಹೆಚ್ಚು ಒತ್ತಡ ತಡೆಯುವುದರಿಂದ ಬಾಣ ಇನ್ನಷ್ಟು ದೂರ ಹಾರುತ್ತಿತ್ತು. 1780ರಲ್ಲಿ ಪೊಳ್ಳಿಲೂರಿನಲ್ಲಿ ಇಂಗ್ಲಿಷರ ಕರ್ನಲ್ ಬೇಲಿಯ ಮದ್ದಿನ ಗಾಡಿಗಳು ಸಿಡಿದವು. 1799ರ ಏಪ್ರಿಲ್‌ನ ಒಂದು ರಾತ್ರಿ ಸುಲ್ತಾನ್‌ಪೇಟೆಯ ತೋಪಿನಲ್ಲಿ ಇವೇ ರಾಕೆಟ್ಟುಗಳ ನಡುವೆ ದಿಕ್ಕುತಪ್ಪಿ ಹಿಂದೆಗೆದವನು ಮುಂದೆ ವಾಟರ್ಲೂ ಗೆದ್ದ ವೆಲ್ಲೆಸ್ಲಿ. ಇಂಗ್ಲೆಂಡಿಗೆ ಸಾಗಿಸಿದ ಮಾದರಿಗಳ ಬೆನ್ನಲ್ಲೇ ವಿಲಿಯಂ ಕಾಂಗ್ರೀವ್ ವೂಲ್‌ವಿಚ್‌ನಲ್ಲಿ ತನ್ನದನ್ನು ರೂಪಿಸಿದ. ಅವು 1807ರಲ್ಲಿ ಕೋಪನ್‌ಹೇಗನ್ ನಗರವನ್ನು ಸುಟ್ಟವು. 1870ರ ‘ಚಂದ್ರನ ಸುತ್ತ’ದಲ್ಲಿ ವರ್ನ್‌ನ ಯಾತ್ರಿಗಳು ತಾವು ಕುಳಿತ ಗುಂಡಿನ ದಾರಿ ತಿದ್ದಲು ರಾಕೆಟ್ ಹಚ್ಚುತ್ತಾರೆ. ಅಷ್ಟು ಹೊತ್ತಿಗೆ ಯುರೋಪಿನ ಓದುಗನಿಗೆ ಅದು ಪರಿಚಿತ ವಸ್ತು. ಶಿವಮೊಗ್ಗ ಜಿಲ್ಲೆಯ ನಗರದ ಹಾಳುಬಾವಿಯೊಂದರಿಂದ 2018ರಲ್ಲಿ ಸಾವಿರಕ್ಕೂ ಹೆಚ್ಚು ರಾಕೆಟ್ಟುಗಳು ಕೆಸರಿನ ಜೊತೆ ಮೇಲೆ ಬಂದವು.

ವರ್ನ್ ಭಾರತದ ಪರ ಎಂದು ಬೀಗುವ ಮೊದಲು 1880ರ ‘ಉಗಿಯ ಮನೆ’ಯನ್ನೂ ಓದಬೇಕು. ಅಲ್ಲಿ ನಾಯಕ ಕರ್ನಲ್ ಮನ್ರೋ ಎಂಬ ಇಂಗ್ಲಿಷ್ ಅಧಿಕಾರಿ, ಖಳ 1857ರ ದಂಗೆಯ ಮುಂದಾಳು ನಾನಾಸಾಹೇಬ. ಐದು ವರ್ಷದಲ್ಲಿ 1857 ಮಗುಚಿಬಿತ್ತು! ಆ ಕಾದಂಬರಿಯ ಆಕರ್ಷಣೆ ಎರಡು ಮನೆಗಾಡಿಗಳನ್ನು ಎಳೆಯುವ ಉಗಿಚಾಲಿತ ಉಕ್ಕಿನ ಆನೆ. ಅದು ಹೊರಬರುವ ಹೊತ್ತಿಗೆ ಮೈಸೂರಿನಲ್ಲಿ ಜೀವಂತ ಆನೆಗಳನ್ನು ಹಿಂಡುಹಿಂಡಾಗಿ ಹಿಡಿಯುವ ಖೆಡ್ಡಾ ಸುದ್ದಿಯಾಗಿತ್ತು. ಅದನ್ನು ನಡೆಸಿದ ಸ್ಯಾಂಡರ್ಸನ್ 1878ರ ತನ್ನ ಪುಸ್ತಕದಲ್ಲಿ ಒಂದು ಕಲ್ಲಿನ ಮಾತು ಹೇಳುತ್ತಾನೆ. ಹೈದರ್ ಎಚ್.ಡಿ. ಕೋಟೆಯ ಕಾಕನಕೋಟೆ ಕಾಡಿನಲ್ಲಿ ಆನೆ ಹಿಡಿಯಲು ಹೋಗಿ ಸೋತನಂತೆ. ಇನ್ನು ಯಾರಿಂದಲೂ ಇದು ಆಗದು, ಮಾಡಹೊರಟವರಿಗೆ ಶಾಪ ತಟ್ಟಲಿ ಎಂದು ಅಲ್ಲೇ ಕಲ್ಲಿನಲ್ಲಿ ಕೆತ್ತಿಸಿದನಂತೆ. ಶಾಪವನ್ನು ಯಾರೂ ಲೆಕ್ಕಕ್ಕಿಡಲಿಲ್ಲ. ಕಾಕನಕೋಟೆಯ ಖೆಡ್ಡಾ 1971ರವರೆಗೂ ನಡೆಯಿತು.

ನಡೆದದ್ದನ್ನು ಹೀಗೆ ನಡೆಯದ ಲೋಕಕ್ಕೆ ಸಾಗಿಸಿದವನು ವರ್ನ್ ಒಬ್ಬನೇ ಅಲ್ಲ. ಟಾಸ್ಮೇನಿಯದ ಮೂಲನಿವಾಸಿಗಳಿಗೆ ಯುರೋಪಿನವರು ಮಾಡಿದ್ದನ್ನು ಎಚ್.ಜಿ. ವೆಲ್ಸ್ 1898ರಲ್ಲಿ ಮಂಗಳಗ್ರಹದವರ ಕೈಯಿಂದ ಲಂಡನ್ನಿಗೆ ಮಾಡಿಸಿದ. ಅಸಿಮೋವ್‌ನ ‘ಫೌಂಡೇಶನ್’ ಹಿಂದೆ ಗಿಬ್ಬನ್ ಬರೆದ ರೋಮಿನ ಪತನವಿದೆ.

ತೆರೆಯ ಮೇಲೆ ನೆಮೊ ಬಹುಕಾಲ ಬಿಳಿಯನಾಗಿಯೇ ಉಳಿದ. 1954ರ ಡಿಸ್ನಿ ಚಿತ್ರದಲ್ಲಿ ಆ ಪಾತ್ರ ಇಂಗ್ಲೆಂಡಿನ ಜೇಮ್ಸ್ ಮೇಸನ್‌ನದು. ಅದೇ ವರ್ಷ ಅಮೆರಿಕ ನೀರಿಗಿಳಿಸಿದ ಮೊದಲ ಅಣುಚಾಲಿತ ಜಲಾಂತರ್ಗಾಮಿಯ ಹೆಸರೂ ನಾಟಿಲಸ್. ಪೇಟ ಕಟ್ಟಿ, ಗಡ್ಡ ಬಿಟ್ಟು, ಕತ್ತಿ ಹಿಡಿದ ನೆಮೊ ಹಾಲಿವುಡ್‌ಗೆ ಬಂದದ್ದು 2003ರಲ್ಲಿ, ‘ದಿ ಲೀಗ್ ಆಫ್ ಎಕ್ಸ್‌ಟ್ರಾರ್ಡಿನರಿ ಜಂಟಲ್‌ಮೆನ್’ ಚಿತ್ರದ ನಾಸಿರುದ್ದೀನ್ ಶಾ ರೂಪದಲ್ಲಿ.