ಡಿಜಿಟಲ್ ವಿಧಿವಿಜ್ಞಾನ: ಆರಂಭಿಕರು ಅರಿಯಬೇಕಾದ ಮೊದಲ ಪಾಠ

ಗ್ರಾಮ ಪಂಚಾಯತ್ ಕಚೇರಿಯ ಗಣಕಯಂತ್ರ, ಸಿ.ಸಿ. ಟಿ.ವಿ.ಯ ಡಿ.ವಿ.ಆರ್. ಪೆಟ್ಟಿಗೆ, ಗ್ರಾಮಸ್ಥರ ಮೊಬೈಲ್ ಇವೆಲ್ಲವೂ ನಾಳೆ ನ್ಯಾಯಾಲಯದಲ್ಲಿ ಸಾಕ್ಷ್ಯವಾಗಬಹುದಾದ ವಸ್ತುಗಳು. ಅವುಗಳಲ್ಲಿ ಅಡಗಿರುವ ಮಾಹಿತಿಯನ್ನು ಕೆಡದಂತೆ ಹೊರತೆಗೆದು ಪರಿಶೀಲಿಸುವ ಶಾಸ್ತ್ರವೇ ಡಿಜಿಟಲ್ ವಿಧಿವಿಜ್ಞಾನ. 2001ರಲ್ಲಿ ಬೆಂಗಳೂರಿನಲ್ಲಿ ಸೈಬರ್ ಅಪರಾಧ ಪೊಲೀಸ್ ಠಾಣೆ ಆರಂಭವಾದಾಗ ಇದು ರಾಜಧಾನಿಗೆ ಸಂಬಂಧಿಸಿದ ವಿಷಯವೆನಿಸಿತ್ತು. ಇಂದು ಜಿಲ್ಲೆಗಳಲ್ಲಿ ಸಿ.ಇ.ಎನ್. ಠಾಣೆಗಳಿದ್ದು, ವಂಚಕರ ಕರೆ ತಳಕಲ್ಲಿನ ಮನೆಗೂ ಬರುತ್ತದೆ.

ಇಂತಹ ಪ್ರಕರಣಗಳಲ್ಲಿ ಸಾಕ್ಷ್ಯವನ್ನು ಕೆಡಿಸುವವರು ಅಪರಾಧಿಗಳಷ್ಟೇ ಅಲ್ಲ. ಹಣ ಕಳೆದುಕೊಂಡವರು ನಾಚಿಕೆಯಿಂದ ಸಂದೇಶಗಳನ್ನು ಅಳಿಸುತ್ತಾರೆ. ತಿಳಿದವರೆನಿಸಿಕೊಂಡವರು ಮೊಬೈಲನ್ನು ರೀಸೆಟ್ ಮಾಡಿಕೊಡುತ್ತಾರೆ. ಕಚೇರಿಯ ಗಣಕಯಂತ್ರದ ಮೇಲೆ ಅನುಮಾನ ಬಂದೊಡನೆ ಅದನ್ನು ಫಾರ್ಮ್ಯಾಟ್ ಮಾಡಿಸಲಾಗುತ್ತದೆ. ಸಾಮಾನ್ಯ ಹಾರ್ಡ್ ಡಿಸ್ಕಿನಲ್ಲಿ ಕಡತವೊಂದನ್ನು ಅಳಿಸಿದಾಗ ಹೋಗುವುದು ಪರಿವಿಡಿಯಲ್ಲಿನ ಅದರ ನಮೂದು ಮಾತ್ರ. ರಿಜಿಸ್ಟರಿನ ಪುಟ ಒಳಗೇ ಉಳಿದಿರುತ್ತದೆ. ಆ ಜಾಗದಲ್ಲಿ ಹೊಸದೇನಾದರೂ ಬರೆಯಲ್ಪಟ್ಟರೆ ಮಾತ್ರ ಹಳೆಯದು ನಿಜವಾಗಿ ನಾಶವಾಗುತ್ತದೆ. ಆದುದರಿಂದ ಅಂತಹ ಯಂತ್ರವನ್ನು ಬಳಸುತ್ತಲೇ ಹೋಗುವುದೂ ಹಾನಿಕರ. ಇತ್ತೀಚಿನ ಮೊಬೈಲುಗಳಲ್ಲಿ ಅಳಿದದ್ದು ಮರಳಿ ಸಿಗುವ ಭರವಸೆ ಇನ್ನೂ ಕಡಿಮೆ. ಡಿ.ವಿ.ಆರ್. ಅಂತೂ ತುಂಬಿದೊಡನೆ ಹಳೆಯ ದೃಶ್ಯಗಳ ಮೇಲೆ ತಾನಾಗಿಯೇ ಹೊಸದನ್ನು ಬರೆಯುತ್ತದೆ. ಕಳವು ನಡೆದು ತಿಂಗಳ ನಂತರ ಕೇಳಿದರೆ ಸಿಗದಿರುವುದೇ ಹೆಚ್ಚು.

ಹಣಕಾಸಿನ ವಂಚನೆಯಾದಲ್ಲಿ ತಕ್ಷಣವೇ 1930 ಸಹಾಯವಾಣಿಗೆ ಕರೆ ಮಾಡಿ, ಬ್ಯಾಂಕಿಗೂ ತಿಳಿಸತಕ್ಕದ್ದು. ಸಂದೇಶ, ಕರೆಗಳ ವಿವರ, ವಹಿವಾಟಿನ ಸಂಖ್ಯೆ ಇವು ಇದ್ದಂತೆಯೇ ಇರಲಿ. ಕಚೇರಿಯ ಯಂತ್ರವಾದರೆ ಅಂತರ್ಜಾಲದ ಸಂಪರ್ಕ ತಪ್ಪಿಸಿ, ಬಳಕೆ ನಿಲ್ಲಿಸಿ, ದಿನಾಂಕ, ವೇಳೆ, ಹಾಜರಿದ್ದವರ ಹೆಸರು ಮತ್ತು ಯಂತ್ರದ ಕ್ರಮಸಂಖ್ಯೆಯನ್ನು ಬರೆದಿಟ್ಟು, ಪೊಲೀಸರಿಗೆ ಒಪ್ಪಿಸುವಾಗ ಸ್ವೀಕೃತಿ ಪಡೆಯಬೇಕು. ದಾಸ್ತಾನು ವಹಿ ಬರೆದು ರೂಢಿಯಿರುವ ಪಂಚಾಯತ್‌ಗೆ ಇದು ಹೊಸ ವಿದ್ಯೆಯೇನಲ್ಲ.

ಈ ಶಾಸ್ತ್ರದ ತಜ್ಞರು ಮೂಲ ವಸ್ತುವಿನ ಮೇಲೆ ಕೆಲಸ ಮಾಡದೆ, ಅದರ ಯಥಾಪ್ರತಿಯನ್ನು ತೆಗೆದು ಅದನ್ನೇ ಪರೀಕ್ಷಿಸುತ್ತಾರೆ. ಎರಡೂ ಒಂದೇ ಎಂದು ತೋರಿಸಲು ಹ್ಯಾಶ್ ಎಂಬ ಗುರುತನ್ನು ಲೆಕ್ಕ ಹಾಕುತ್ತಾರೆ. ಕಡತದಲ್ಲಿ ಒಂದು ಅಲ್ಪವಿರಾಮ ಬದಲಾದರೂ ಈ ಗುರುತು ಪೂರ್ತಿ ಬೇರೆಯಾಗುತ್ತದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ಸಾಕ್ಷ್ಯ ಅಧಿನಿಯಮ, 2023ರ ಕಲಂ 63ರಂತೆ ವಿದ್ಯುನ್ಮಾನ ದಾಖಲೆಯೊಂದಿಗೆ ಸಲ್ಲಿಸುವ ಪ್ರಮಾಣಪತ್ರದಲ್ಲಿಯೂ ಹ್ಯಾಶ್ ನಮೂದಿಸಬೇಕಾಗುತ್ತದೆ.

ಇ-ಸ್ವತ್ತು ತಂತ್ರಾಂಶದ ವಿಷಯದಲ್ಲಿ ಸದಸ್ಯರು ಒಂದು ಮಾತನ್ನು ವಿಶೇಷವಾಗಿ ಗಮನಿಸಬೇಕು. ನಮೂನೆ 9 ಅಥವಾ 11ರ ಬಗ್ಗೆ ತಕರಾರು ಬಂದಾಗ ತಂತ್ರಾಂಶದ ದಾಖಲೆ ಹೇಳುವುದು ಯಾರ ಡಿಜಿಟಲ್ ಸಹಿ ಬಳಕೆಯಾಯಿತು ಎಂಬುದನ್ನೇ ಹೊರತು, ಆ ಕೀಲಿ ಯಾರ ಕೈಯಲ್ಲಿತ್ತು ಎಂಬುದನ್ನಲ್ಲ. ಅಭಿವೃದ್ಧಿ ಅಧಿಕಾರಿಯ ಕೀಲಿ ಮತ್ತು ಗುಪ್ತಪದ ಮೇಜಿನ ಮೇಲೆ ಎಲ್ಲರಿಗೂ ಸಿಗುವಂತಿದ್ದರೆ, ನಿಜವಾಗಿ ಒತ್ತಿದವರು ಯಾರೆಂದು ಯಾವ ಪ್ರಯೋಗಾಲಯವೂ ಸುಲಭವಾಗಿ ಹೇಳಲಾರದು; ಆಸ್ತಿ ಕಳೆದುಕೊಂಡವರಿಗೆ ನ್ಯಾಯ ಸಿಗುವುದೂ ಅಷ್ಟೇ ಕಷ್ಟವಾಗುತ್ತದೆ.

ತಳಕಲ್ಲಿನ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನಂತಹ ಸಂಸ್ಥೆಗಳಲ್ಲಿ ಓದುವ ಯುವಜನರು ಈ ಕ್ಷೇತ್ರವನ್ನು ಪ್ರವೇಶಿಸಲು ದುಬಾರಿ ಉಪಕರಣ ಬೇಕಿಲ್ಲ. ಕಡತಗಳನ್ನು ಡಿಸ್ಕ್ ಹೇಗೆ ಜೋಡಿಸಿಡುತ್ತದೆ ಎಂಬುದನ್ನು ಅರಿತು, ತಮ್ಮದೇ ಹಳೆಯ ಪೆನ್‌ಡ್ರೈವ್‌ನ ಪ್ರತಿ ತೆಗೆದು, ಉಚಿತವಾಗಿ ದೊರೆಯುವ ಆಟಾಪ್ಸಿ ತಂತ್ರಾಂಶದಲ್ಲಿ ಅಳಿಸಿದ ಚಿತ್ರಗಳನ್ನು ಹುಡುಕುವುದು ಒಳ್ಳೆಯ ಆರಂಭ. ಪರರ ಮೊಬೈಲನ್ನು ಅನುಮತಿಯಿಲ್ಲದೆ ತೆರೆದು ಅಭ್ಯಾಸ ಮಾಡುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮ, 2000ರಡಿ ಅಪರಾಧವಾಗಬಹುದೆಂಬುದನ್ನು ಅವರಿಗೆ ಮೊದಲೇ ತಿಳಿಸಬೇಕು. ಗ್ರಾಮ ಪಂಚಾಯತ್‌ನ ಗ್ರಂಥಾಲಯ ಮತ್ತು ಅರಿವು ಕೇಂದ್ರದಲ್ಲಿ ಗಣಕಯಂತ್ರವಿದ್ದಲ್ಲಿ, ಇಂತಹ ವಿದ್ಯಾರ್ಥಿಗಳಿಂದಲೇ ಒಂದು ಸಂಜೆ ಪ್ರಾತ್ಯಕ್ಷಿಕೆ ಏರ್ಪಡಿಸಬಹುದು. ಸ್ವಸಹಾಯ ಸಂಘಗಳ ಮಹಿಳೆಯರನ್ನು ಅದಕ್ಕೆ ತಪ್ಪದೆ ಆಹ್ವಾನಿಸತಕ್ಕದ್ದು.