ಡೇಟಾ ಇದ್ದಲ್ಲಿಗೆ ಲಿನಕ್ಸ್

ಮೇನ್‌ಫ್ರೇಮ್ ಹಳೆಯ ಕಾಲದ ದೈತ್ಯ, ಲಿನಕ್ಸ್ ಇಂಟರ್‌ನೆಟ್ ಕಾಲದ ಕೂಸು, ಇವೆರಡಕ್ಕೂ ಎಲ್ಲಿಯ ನಂಟು ಎಂದು ಕೇಳುವವರು ಇಂದಿಗೂ ಇದ್ದಾರೆ. ಆ ನಂಟಿಗೆ ಈಗಾಗಲೇ ಕಾಲು ಶತಮಾನ ದಾಟಿದೆ. ಐಬಿಎಂ 1964ರ ಏಪ್ರಿಲ್ 7ರಂದು ಘೋಷಿಸಿದ ಸಿಸ್ಟಮ್/360ರ ವಂಶದವೇ ಇಂದಿನ ಐಬಿಎಂ ಜೆಡ್ ಯಂತ್ರಗಳು. ದಶಕಗಳ ಹಿಂದೆ ಬರೆದ ಪ್ರೋಗ್ರಾಮ್ ಇಂದಿನ ಯಂತ್ರದಲ್ಲೂ ಓಡಬೇಕೆಂಬ ಹಟವನ್ನು ಈ ವಂಶ ಬಿಟ್ಟಿಲ್ಲ. ಬ್ಯಾಂಕು, ವಿಮೆ, ವಿಮಾನ ಟಿಕೆಟ್‌ನಂಥ ಲೆಕ್ಕ ತಪ್ಪಬಾರದ ಕೆಲಸಗಳು ಅದರಲ್ಲೇ ಉಳಿದಿರುವುದಕ್ಕೆ ಇದೂ ಒಂದು ಕಾರಣ. ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಮೇನ್‌ಫ್ರೇಮ್ ಕೆಲಸದ ಭಾಷೆಗಳಾದ ಕೋಬಾಲ್, ಜೆಸಿಎಲ್ ನೆಚ್ಚಿ ಬದುಕು ಕಟ್ಟಿಕೊಂಡ ಬಹಳಷ್ಟು ಮಂದಿಗೆ ಈ ಯಂತ್ರ ಪರಿಚಿತ, ಆದರೆ ಹೆಚ್ಚಿನವರು ಅದನ್ನು ಐಬಿಎಂನ ಸ್ವಂತ ಕಾರ್ಯಾಚರಣಾ ವ್ಯವಸ್ಥೆಯಾದ ಜೆಡ್/ಓಎಸ್‌ನ ಹಸಿರು ಪರದೆಯಿಂದಷ್ಟೇ ಬಲ್ಲರು. ಅದೇ ಪೆಟ್ಟಿಗೆಯೊಳಗೆ ಲಿನಕ್ಸ್ ಏಕಿರಬೇಕು ಎಂಬ ಪ್ರಶ್ನೆಗೆ 2000ದಲ್ಲಿ ಕೊಡುತ್ತಿದ್ದ ಉತ್ತರ ಈಗ ನಿಲ್ಲುವುದಿಲ್ಲ. ಇಂದು ನಿಲ್ಲುವ ಉತ್ತರ ಬೇರೆ, ಮತ್ತು ಅದು ಎಲ್ಲರಿಗೂ ಅನ್ವಯಿಸುವಂಥದ್ದಲ್ಲ.

ಮೊದಲು ಅದು ಅಲ್ಲಿಗೆ ಬಂದ ಬಗೆ. 1998ರ ಸುಮಾರಿಗೆ ಲಿನಾಸ್ ವೆಪ್‌ಸ್ಟಾಸ್ ಎಂಬ ಪ್ರೋಗ್ರಾಮರ್ 'ಬಿಗ್‌ಫುಟ್' ಎಂಬ ಹೆಸರಿನಲ್ಲಿ ಲಿನಕ್ಸ್ ಅನ್ನು ಮೇನ್‌ಫ್ರೇಮ್‌ಗೆ ಒಗ್ಗಿಸುವ ಕೆಲಸ ಶುರುಮಾಡಿದ್ದರು. ಅದೇ ಹೊತ್ತಿಗೆ ಜರ್ಮನಿಯ ಬ್ಯೋಬ್ಲಿಂಗನ್‌ನಲ್ಲಿದ್ದ ಐಬಿಎಂ ಪ್ರಯೋಗಾಲಯದ ಎಂಜಿನಿಯರುಗಳೂ ಸದ್ದಿಲ್ಲದೆ ಇದೇ ಕೆಲಸಕ್ಕೆ ಕೈಹಾಕಿದ್ದರು. ಅವರ ಕೋಡ್ 1999ರ ಡಿಸೆಂಬರ್‌ನಲ್ಲಿ ಸಾರ್ವಜನಿಕವಾಯಿತು. 2000ದಲ್ಲಿ ಐಬಿಎಂ ಅಧಿಕೃತ ಬೆಂಬಲ ಘೋಷಿಸಿತು, ಅದೇ ವರ್ಷ ಸೂಸೆ ಕಂಪನಿ ಮೇನ್‌ಫ್ರೇಮ್‌ಗೆಂದೇ ಲಿನಕ್ಸ್ ಆವೃತ್ತಿಯನ್ನು ಮಾರುಕಟ್ಟೆಗೆ ತಂದಿತು. ಹಳತೂ ಹೊಸತೂ ಹೇಗೆ ಬೆರೆತವು ಎಂಬುದು ಅನುಸ್ಥಾಪನೆಯ ಹೊತ್ತಿನಲ್ಲಿ ಚೆನ್ನಾಗಿ ಕಾಣುತ್ತದೆ. ಜೆಡ್/ವಿಎಂ ಎಂಬ ವ್ಯವಸ್ಥೆ ಒಂದೇ ಯಂತ್ರದೊಳಗೆ ಹಲವಾರು ಕಾಲ್ಪನಿಕ ಯಂತ್ರಗಳನ್ನು ಸೃಷ್ಟಿಸುತ್ತದೆ. ಅಂಥ ಪ್ರತಿ ಯಂತ್ರಕ್ಕೂ ಒಂದು ಪಂಚ್‌ಕಾರ್ಡ್ ರೀಡರ್ ಇರುತ್ತದೆ, ಅದೂ ಕಾಲ್ಪನಿಕವೇ. ಲಿನಕ್ಸ್‌ನ ಕರ್ನೆಲ್, ನಿಯತಾಂಕಗಳ ಕಡತ, ಆರಂಭದ ರ‍್ಯಾಮ್‌ಡಿಸ್ಕ್ ಈ ಮೂರನ್ನೂ ಕಾರ್ಡುಗಳ ಕಂತೆಯೆಂಬಂತೆ ಒಂದರ ಹಿಂದೊಂದು ಆ ರೀಡರ್‌ಗೆ ತುಂಬಿ, ಅದರ ವಿಳಾಸವಾದ 00ಸಿ ಯಿಂದ ಯಂತ್ರವನ್ನು ಬೂಟ್ ಮಾಡುತ್ತಾರೆ. ಕ್ಷಣದಲ್ಲಿ ಪರಿಚಿತ ಲಿನಕ್ಸ್ ಸಂದೇಶಗಳು ಸಾಲಾಗಿ ಏಳುತ್ತವೆ. ಒಮ್ಮೆ ಲಾಗಿನ್ ಆದರೆ ಶೆಲ್ ಅದೇ, ಬಹುಪಾಲು ಆದೇಶಗಳೂ ಅವೇ.

ಆಗ ಕೊಡುತ್ತಿದ್ದ ಕಾರಣ ಹಂಚಿಕೆ. 1990ರ ದಶಕದಲ್ಲಿ ಮೇಲ್‌ಗೆ ಒಂದು ಸರ್ವರ್, ವೆಬ್‌ಗೆ ಒಂದು, ಡೇಟಾಬೇಸ್‌ಗೆ ಒಂದು ಎಂದು ಕೊಳ್ಳುತ್ತಾ ಹೋದ ಸಂಸ್ಥೆಗಳ ಸರ್ವರ್ ಕೋಣೆಗಳು ತುಂಬಿಹೋದವು. ಅವುಗಳಲ್ಲಿ ಹೆಚ್ಚಿನವು ದಿನದ ಬಹುಪಾಲು ಕೆಲಸವಿಲ್ಲದೆ ಕಾಯುತ್ತಿದ್ದವು, ವಿದ್ಯುತ್ತು ಮಾತ್ರ ಖರ್ಚಾಗುತ್ತಿತ್ತು. ಒಂದು ಯಂತ್ರವನ್ನು ಹಲವಾಗಿ ತೋರಿಸುವ ವಿದ್ಯೆಯಾದರೋ ಐಬಿಎಂಗೆ 1960ರ ದಶಕದಿಂದಲೇ ಕರಗತವಾಗಿತ್ತು. ಅದರ ಕೇಂಬ್ರಿಜ್ ಕೇಂದ್ರದ ಪ್ರಯೋಗಗಳು 1972ರಲ್ಲಿ ವಿಎಂ/370 ಆಗಿ ಮಾರುಕಟ್ಟೆಗೆ ಬಂದಿದ್ದವು. ಹಾಗಾಗಿ ಸ್ವೀಡನ್ನಿನ ದೂರಸಂಪರ್ಕ ಸಂಸ್ಥೆ ತೆಲಿಯಾ 2000ದಲ್ಲಿ ಸುಮಾರು 70 ಯೂನಿಕ್ಸ್ ಸರ್ವರ್‌ಗಳ ಕೆಲಸವನ್ನು ಒಂದೇ ಮೇನ್‌ಫ್ರೇಮ್‌ನ ಲಿನಕ್ಸ್‌ಗೆ ವರ್ಗಾಯಿಸಲು ಹೊರಟಾಗ ಅದು ಜಗತ್ತಿನ ಗಮನ ಸೆಳೆಯಿತು. ಡೇವಿಡ್ ಬೋಯ್ಸ್ ಎಂಬ ತಜ್ಞರು ಒಂದೇ ಯಂತ್ರದಲ್ಲಿ 41,400 ಲಿನಕ್ಸ್‌ಗಳನ್ನು ಏಕಕಾಲಕ್ಕೆ ಎಬ್ಬಿಸಿ ತೋರಿಸಿದ್ದೂ ಆ ದಿನಗಳಲ್ಲೇ. ಅಷ್ಟನ್ನೂ ಒಟ್ಟಿಗೆ ಬಳಸುವ ಅಗತ್ಯ ಯಾರಿಗೂ ಇರಲಿಲ್ಲ, ಹಂಚಿಕೆಯ ಮಿತಿ ಎಲ್ಲಿದೆಯೆಂದು ಅಳೆಯುವ ಪರೀಕ್ಷೆ ಅದು.

ಆ ಹಂಚಿಕೆ ಲಿನಕ್ಸ್‌ನ ಒಂದು ದೋಷವನ್ನು ಬೆಳಕಿಗೆ ತಂದಿತು, ಅದನ್ನು ಸ್ವಲ್ಪ ಬಿಡಿಸಿ ನೋಡಬೇಕು. ಆಗಿನ ಲಿನಕ್ಸ್ ಸೆಕೆಂಡಿಗೆ 100 ಬಾರಿ ಎಚ್ಚರಗೊಂಡು, ಮಾಡಲು ಕೆಲಸವಿದೆಯೇ ಎಂದು ನೋಡುತ್ತಿತ್ತು. ಒಂದೇ ಯಂತ್ರ ಒಂದೇ ಲಿನಕ್ಸ್ ಇದ್ದಾಗ ಈ ಖರ್ಚು ಯಾರ ಕಣ್ಣಿಗೂ ಬೀಳದು. ಸಾವಿರ ಲಿನಕ್ಸ್‌ಗಳು ಒಂದೇ ಯಂತ್ರವನ್ನು ಹಂಚಿಕೊಂಡಾಗ, ಎಲ್ಲವೂ ಸುಮ್ಮನಿದ್ದರೂ ಸೆಕೆಂಡಿಗೆ ಒಂದು ಲಕ್ಷ ಬಾರಿ 'ಕೆಲಸವಿಲ್ಲ' ಎಂದು ಹೇಳುವುದಕ್ಕೇ ಪ್ರೊಸೆಸರ್ ದುಡಿಯಬೇಕು. ಮೇನ್‌ಫ್ರೇಮ್ ಕರ್ನೆಲ್‌ನ ಉಸ್ತುವಾರಿ ಹೊತ್ತಿದ್ದ ಮಾರ್ಟಿನ್ ಶ್ವಿಡೆಫ್‌ಸ್ಕಿ, ಕೆಲಸವಿಲ್ಲದಾಗ ಈ ಮಿಡಿತವನ್ನೇ ನಿಲ್ಲಿಸುವ ತಿದ್ದುಪಡಿಯನ್ನು ರೂಪಿಸಿದರು. ಸಾಮಾನ್ಯ ಪಿಸಿಗಳ ಲಿನಕ್ಸ್‌ಗೆ ಇಂಥದ್ದೇ ಸೌಲಭ್ಯ ಬಂದದ್ದು 2007ರಲ್ಲಿ. ಕೈಯಲ್ಲಿರುವ ಆಂಡ್ರಾಯ್ಡ್ ಫೋನ್ ಸುಮ್ಮನಿದ್ದಾಗ ಬ್ಯಾಟರಿ ಉಳಿಯುವುದರಲ್ಲೂ ಈ ಬಗೆಯ ಉಪಾಯದ ಪಾಲಿದೆ. ಮೇನ್‌ಫ್ರೇಮ್ ಲಿನಕ್ಸ್ ಯಾವುದೋ ಮೂಲೆಯ ಹವ್ಯಾಸ ಎಂದು ತಳ್ಳಿಹಾಕುವವರಿಗೆ ಇದು ನನ್ನ ಮೊದಲ ಉತ್ತರ. ಅತಿ ದೊಡ್ಡ ಯಂತ್ರದಲ್ಲಿ ಕಾಡುವ ತೊಂದರೆ ಅತಿ ಚಿಕ್ಕ ಯಂತ್ರದಲ್ಲೂ ಇರುತ್ತದೆ, ದೊಡ್ಡದರಲ್ಲಿ ಮೊದಲೇ ಕಾಣುತ್ತದೆ ಅಷ್ಟೇ.

ಆದರೆ ಹಂಚಿಕೆಯ ಕಾರಣ ಹೆಚ್ಚು ಕಾಲ ಮೇನ್‌ಫ್ರೇಮ್‌ನ ಸ್ವತ್ತಾಗಿ ಉಳಿಯಲಿಲ್ಲ. 2001ರಲ್ಲಿ ಸಾಮಾನ್ಯ ಸರ್ವರ್‌ಗಳನ್ನೂ ಹೀಗೆ ಹಂಚುವ ವಿಎಂವೇರ್‌ನ ಇಎಸ್‌ಎಕ್ಸ್ ಬಂತು, 2007ರಲ್ಲಿ ಲಿನಕ್ಸ್ ಕರ್ನೆಲ್‌ಗೇ ಅಂಥದ್ದೇ ಸೌಲಭ್ಯವಾದ ಕೆವಿಎಂ ಸೇರಿತು. ಅಗ್ಗದ ಸರ್ವರ್‌ಗಳೂ ಹಂಚಿಕೊಳ್ಳಲು ಕಲಿತವು, ಕ್ಲೌಡ್ ಉದ್ಯಮ ನಿಂತಿರುವುದೇ ಆ ಕಲಿಕೆಯ ಮೇಲೆ. ಹೀಗಿರುವಾಗ, ಮೇನ್‌ಫ್ರೇಮ್ ಇಲ್ಲದ ಸಂಸ್ಥೆಯೊಂದು ತನ್ನ ನೂರಿನ್ನೂರು ಸಣ್ಣ ವೆಬ್ ಸರ್ವರ್‌ಗಳನ್ನು ಒಂದುಗೂಡಿಸಲೆಂದೇ ಅದನ್ನು ಕೊಳ್ಳಬೇಕೇ ಎಂದು ಕೇಳಿದರೆ, ಬೇಡ ಎನ್ನುವುದೇ ಪ್ರಾಮಾಣಿಕ ಉತ್ತರ.

ಇಂದು ಗಟ್ಟಿಯಾಗಿ ನಿಲ್ಲುವ ಕಾರಣ ಡೇಟಾ ಎಲ್ಲಿದೆ ಎಂಬುದು. ಬ್ಯಾಂಕಿನ ಖಾತೆಗಳ ಅಸಲಿ ಲೆಕ್ಕ ಜೆಡ್/ಓಎಸ್‌ನ ಡಿಬಿ2 ಡೇಟಾಬೇಸ್‌ನಲ್ಲಿದೆ ಎಂದಿಟ್ಟುಕೊಳ್ಳಿ. ಗ್ರಾಹಕ ಮೊಬೈಲ್ ಆ್ಯಪ್ ತೆರೆದಾಗ ಅದಕ್ಕೆ ಉತ್ತರಿಸುವ ಜಾವಾ ಪ್ರೋಗ್ರಾಮ್ ಬೇರೊಂದು ಸರ್ವರ್‌ನಲ್ಲಿದೆ. ಶಿಲ್ಕು, ಇತ್ತೀಚಿನ ವಹಿವಾಟು, ಸಾಲದ ಕಂತು, ಬಾಕಿ ಶುಲ್ಕ ಎಂದು ಒಂದು ಪರದೆ ತುಂಬಿಸಲು ಅದು 20 ಬಾರಿ ಡೇಟಾಬೇಸ್ ಕದ ತಟ್ಟಬೇಕಾಯಿತು ಎನ್ನೋಣ. ಪ್ರತಿ ಬಾರಿಯೂ ಕೇಬಲ್, ಸ್ವಿಚ್, ಫೈರ್‌ವಾಲ್ ದಾಟಿ ಹೋಗಿಬರಲು ಅರ್ಧ ಮಿಲಿಸೆಕೆಂಡ್ ಹಿಡಿದರೆ ಬರೀ ಓಡಾಟಕ್ಕೇ 10 ಮಿಲಿಸೆಕೆಂಡ್ ಹೋಯಿತು. ಒಬ್ಬ ಗ್ರಾಹಕನಿಗೆ ಇದು ತಿಳಿಯದು, ಆದರೆ ಲಕ್ಷಾಂತರ ಮಂದಿ ಒಟ್ಟಿಗೆ ಬಂದಾಗ ಕಾಯುವ ಸಾಲು ಇಲ್ಲಿಂದಲೇ ಬೆಳೆಯುತ್ತದೆ. ಅದೇ ಜಾವಾ ಪ್ರೋಗ್ರಾಮ್ ಅದೇ ಪೆಟ್ಟಿಗೆಯ ಇನ್ನೊಂದು ವಿಭಾಗದಲ್ಲಿ ಲಿನಕ್ಸ್ ಮೇಲೆ ಓಡುತ್ತಿದ್ದರೆ, ಹೈಪರ್‌ಸಾಕೆಟ್ಸ್ ಎಂಬ ಒಳದಾರಿಯಲ್ಲಿ ಮಾತುಕತೆ ಮೆಮೊರಿಯಿಂದ ಮೆಮೊರಿಗೆ ಸಾಗುತ್ತದೆ. ನಡುವೆ ತಂತಿಯೇ ಇಲ್ಲ, ಹಾಗಾಗಿ ತಂತಿಗೆ ಕಿವಿಗೊಟ್ಟು ಕದಿಯುವ ಮಾತೂ ಇಲ್ಲ. ಇದಕ್ಕಿಂತ ದೊಡ್ಡ ಲಾಭ ಡೇಟಾದ ನಕಲುಗಳು ತಪ್ಪುವುದು. ದೂರದ ಸರ್ವರ್‌ಗಳಿಗಾಗಿ ಪ್ರತಿ ರಾತ್ರಿ ಡೇಟಾ ನಕಲು ಮಾಡಿಡುವ ರೂಢಿ ವ್ಯಾಪಕವಾಗಿದೆ. ಪ್ರತಿ ನಕಲೂ ಬೆಳಗಾಗುವಷ್ಟರಲ್ಲಿ ಹಳತಾಗುತ್ತದೆ, ಪ್ರತಿ ನಕಲಿಗೂ ಬೇರೆ ಕಾವಲು ಬೇಕು. 2022ರ ಜೆಡ್16ರಲ್ಲಿ ಬಂದ ಟೆಲಮ್ ಚಿಪ್ ಕೃತಕ ಬುದ್ಧಿಮತ್ತೆಯ ಲೆಕ್ಕಾಚಾರಕ್ಕೆಂದೇ ಪ್ರೊಸೆಸರ್ ಒಳಗೆ ಪ್ರತ್ಯೇಕ ಭಾಗವನ್ನು ಹೊಂದಿದೆ. ವಂಚನೆಯ ಸುಳಿವನ್ನು ಹಣ ಹೋದ ಮೇಲೆ ಹುಡುಕದೆ ವಹಿವಾಟು ನಡೆಯುವಾಗಲೇ ಹಿಡಿಯುವುದು ಅದರ ಉದ್ದೇಶ. ಇದು ಕೂಡ ಲೆಕ್ಕವನ್ನು ಡೇಟಾದ ಬಳಿಗೆ ಒಯ್ಯುವ ದಾರಿಯೇ.

ಎಲ್ಲವನ್ನೂ ಒಂದೇ ಪೆಟ್ಟಿಗೆಯಲ್ಲಿಟ್ಟರೆ ಅದು ಕೆಟ್ಟಾಗ ಎಲ್ಲವೂ ಮುಳುಗುವುದಿಲ್ಲವೇ? ಈ ಆಕ್ಷೇಪ ಸಣ್ಣದಲ್ಲ. ಮೇನ್‌ಫ್ರೇಮ್‌ನಲ್ಲಿ ಬಿಡಿ ಪ್ರೊಸೆಸರ್‌ಗಳು ಸದಾ ಸಿದ್ಧವಿರುತ್ತವೆ, ಒಂದು ಕೆಟ್ಟರೆ ಇನ್ನೊಂದು ಅದರ ಕೆಲಸವನ್ನು ಎತ್ತಿಕೊಳ್ಳುತ್ತದೆ. 2010ರ ಜೆಡ್196ರಿಂದ ಮೆಮೊರಿಯ ಒಂದು ಭಾಗ ಪೂರ್ತಿ ಕೆಟ್ಟರೂ ಡೇಟಾ ಉಳಿಯುವ ವ್ಯವಸ್ಥೆ ಇದೆ. ಆದರೆ ಇದೆಲ್ಲ ಯಂತ್ರಾಂಶದ ಭರವಸೆ. ಲಿನಕ್ಸ್ ಕರ್ನೆಲ್ ತನ್ನದೇ ದೋಷದಿಂದ ಕುಸಿದರೆ ಎಂಥ ಪ್ರೊಸೆಸರ್ ಇದ್ದರೂ ಅದು ಕುಸಿದಂತೆಯೇ, ಕಟ್ಟಡಕ್ಕೆ ಬೆಂಕಿ ಬಿದ್ದರೆ ಪೆಟ್ಟಿಗೆಯೂ ಉಳಿಯದು. ಎರಡನೆಯ ಲಿನಕ್ಸ್, ಎರಡನೆಯ ಯಂತ್ರ, ಎರಡನೆಯ ಊರು ಬೇಕೇ ಬೇಕು. ಆ ಖರ್ಚನ್ನು ಮುಚ್ಚಿಟ್ಟು ಮಾಡುವ ಹೋಲಿಕೆಯನ್ನು ನಂಬಬಾರದು.

ಬೆಲೆಯ ಲೆಕ್ಕವೂ ಸರಳವಲ್ಲ. ಲಿನಕ್ಸ್‌ಗೆಂದು ಮೀಸಲಾದ ಪ್ರೊಸೆಸರ್‌ಗಳಿಗೆ ಐಎಫ್‌ಎಲ್ ಎನ್ನುತ್ತಾರೆ. ಚಿಪ್ ಬೇರೆಯದೇನಲ್ಲ, ಜೆಡ್/ಓಎಸ್ ಓಡಿಸಲು ಅನುಮತಿ ಇಲ್ಲ ಅಷ್ಟೇ. ಹಾಗಾಗಿ ಅದರ ದರ ಕಡಿಮೆ, ಅದನ್ನು ಸೇರಿಸಿದರೆ ಜೆಡ್/ಓಎಸ್ ತಂತ್ರಾಂಶದ ಶುಲ್ಕ ಏರುವುದಿಲ್ಲ. ಈಗಾಗಲೇ ಮೇನ್‌ಫ್ರೇಮ್ ಇರುವವರಿಗೆ ಇದು ಅನುಕೂಲ. 2015ರಲ್ಲಿ ಬಂದ, ಲಿನಕ್ಸ್ ಮಾತ್ರ ಓಡಿಸುವ ಲಿನಕ್ಸ್‌ಒನ್ ಯಂತ್ರಗಳು ನನ್ನ ವಾದಕ್ಕೆ ಸವಾಲು, ಅವುಗಳಲ್ಲಿ ಜೆಡ್/ಓಎಸ್ ಡೇಟಾ ಇರುವುದೇ ಇಲ್ಲ. ಅಲ್ಲಿ ಮುಂದಿಡುವ ಮುಖ್ಯ ಕಾರಣಗಳಲ್ಲೊಂದು, ಕೋರ್ ಎಣಿಸಿ ಶುಲ್ಕ ಕೇಳುವ ಡೇಟಾಬೇಸ್‌ಗಳನ್ನು ಕಡಿಮೆ ಕೋರ್‌ಗಳಲ್ಲಿ ಒತ್ತೊತ್ತಾಗಿ ಓಡಿಸಿ ಉಳಿತಾಯ ಮಾಡಬಹುದು ಎಂಬುದು. ಉಳಿತಾಯ ನಿಜವೇ ಇರಬಹುದು. ಆದರೆ ಅದು ಮಾರುವವನ ದರಪಟ್ಟಿಯನ್ನು ನೆಚ್ಚಿದ ಉಳಿತಾಯ, ದರಪಟ್ಟಿ ಬದಲಾದ ದಿನ ಮತ್ತೆ ಲೆಕ್ಕ ಹಾಕಬೇಕು.

ಒಬ್ಬನೇ ತಯಾರಕನಿಗೆ ಕಟ್ಟುಬೀಳುತ್ತೇವೆ ಎಂಬ ಅಳುಕಿಗೆ ಮಾತ್ರ ಲಿನಕ್ಸ್ ಅರ್ಧ ಪರಿಹಾರ ಕೊಡುತ್ತದೆ. ಯಂತ್ರ ಐಬಿಎಂನದ್ದೇ, ಆದರೆ ಅದರ ಮೇಲೆ ಬರೆದ ಜಾವಾ, ಪೈಥಾನ್, ಗೋ ಪ್ರೋಗ್ರಾಮ್‌ಗಳು ಬೇರೆಡೆಗೂ ಸಾಗಬಲ್ಲವು. ಸಾಗಿಸುವಾಗ ಎದುರಾಗುವ ನಿಜವಾದ ತೊಡಕು ಬೈಟ್‌ಗಳ ಕ್ರಮ. 1 ಎಂಬ ಸಂಖ್ಯೆಯನ್ನು ನಾಲ್ಕು ಬೈಟ್‌ಗಳಲ್ಲಿ ಮೇನ್‌ಫ್ರೇಮ್ 00 00 00 01 ಎಂದು ಇಡುತ್ತದೆ, ಇಂಟೆಲ್ ಯಂತ್ರ 01 00 00 00 ಎಂದು. ಸಂಖ್ಯೆಯನ್ನು ಬೈಟ್ ಬೈಟ್ ಆಗಿ ಬಗೆದು ನೋಡುವ ಅಜಾಗರೂಕ ಸಿ ಪ್ರೋಗ್ರಾಮ್ ಇಲ್ಲಿ 1ರ ಬದಲು 1,67,77,216 ಎಂದು ಓದಿಬಿಡಬಹುದು. ಇಂಟೆಲ್‌ಗೆಂದು ಕಟ್ಟಿದ ಕಂಟೇನರ್‌ಗಳೂ ಹಾಗೇ ಓಡುವುದಿಲ್ಲ, ಮತ್ತೆ ಕಟ್ಟಬೇಕು. ರೆಡ್ ಹ್ಯಾಟ್, ಸೂಸೆ, ಉಬುಂಟು, ಡೆಬಿಯನ್ ತಮ್ಮ ಪ್ಯಾಕೇಜುಗಳನ್ನು ಎಸ್390ಎಕ್ಸ್ ಎಂಬ ಈ ವಿನ್ಯಾಸಕ್ಕೆ ಕಟ್ಟಿಡುವುದರಿಂದ ತಳಪಾಯ ಸಿದ್ಧವಿದೆ. ಸಂಸ್ಥೆಯ ಸ್ವಂತ ಕೋಡ್ ಪರೀಕ್ಷೆಗೆ ಮಾತ್ರ ಸಮಯ ಎತ್ತಿಡಬೇಕು. ಕಲಿಯಲು ಕೋಟಿ ಬೆಲೆಯ ಯಂತ್ರವೇನೂ ಬೇಕಿಲ್ಲ. ಕ್ಯೂಎಂಯು ಎಂಬ ಉಚಿತ ತಂತ್ರಾಂಶ ಸಾಮಾನ್ಯ ಲ್ಯಾಪ್‌ಟಾಪ್ ಮೇಲೆಯೇ ಎಸ್390ಎಕ್ಸ್ ಯಂತ್ರವನ್ನು ಅನುಕರಿಸುತ್ತದೆ. ತುಸು ನಿಧಾನ, ಆದರೆ ಎಂಜಿನಿಯರಿಂಗ್ ವಿದ್ಯಾರ್ಥಿಯೊಬ್ಬರು ಅದರಲ್ಲಿ ಡೆಬಿಯನ್ ಹಾಕಿ, ತಮ್ಮದೇ ಸಿ ಪ್ರೋಗ್ರಾಮ್ ಅನ್ನು ಕಂಪೈಲ್ ಮಾಡಿ, ಅದು 1 ಎನ್ನುತ್ತದೋ 1,67,77,216 ಎನ್ನುತ್ತದೋ ಎಂದು ನೋಡಬಹುದು.