ಸೂಜಿ ಹಿಡಿದ ಕೈಗಳ ವಂಶಾವಳಿ

ಶಿಲ್ಪಿ ಹೋಗಿ ಒಂಬೈನೂರು ವರ್ಷವಾದರೂ ಬೇಲೂರಿನ ಮದನಿಕೆ ನಿಂತಲ್ಲೇ ನಿಂತಿದ್ದಾಳೆ. ಹಚ್ಚೆಯ ಕಲಾವಿದರಿಗೆ ಆ ಭಾಗ್ಯವಿಲ್ಲ. ಅವರು ಚಿತ್ರ ಬಿಡಿಸುವುದು ಬೆವರುವ, ಸುಕ್ಕುಗಟ್ಟುವ, ಕೊನೆಗೊಂದು ದಿನ ಮಣ್ಣಿಗೋ ಬೆಂಕಿಗೋ ಸೇರುವ ಚರ್ಮದ ಮೇಲೆ. ಸೇಲರ್ ಜೆರ್ರಿ ಎಂದು ಹೆಸರಾದ ನಾರ್ಮನ್ ಕಾಲಿನ್ಸ್ (1911–1973) ಹೊನೊಲುಲುವಿನ ಹೋಟೆಲ್ ಸ್ಟ್ರೀಟ್‌ನಲ್ಲಿ ಕೂತು ನಾವಿಕರ ತೋಳುಗಳ ಮೇಲೆ ಬಿಡಿಸಿದ ಹಡಗು, ಹದ್ದು, ಹಾವುಗಳಲ್ಲಿ ಬಹುಪಾಲು ಆ ನಾವಿಕರ ಜೊತೆಗೇ ಹೋದವು. ಹಾಗಿದ್ದೂ ಇಂದು ಜಗತ್ತಿನ ಯಾವುದೇ ಟ್ಯಾಟೂ ಅಂಗಡಿಗೆ ಹೋದರೂ ಅವನ ದಪ್ಪ ಕಪ್ಪು ಗೆರೆಯ ನೆನಪು ಎಲ್ಲೋ ಒಂದು ಕಡೆ ಕಾಣುತ್ತದೆ. ಕೃತಿಯೇ ಅಳಿದುಹೋಗುವ ಕಲೆಯಲ್ಲಿ ಕಲಾವಿದರ ಪ್ರಭಾವ ಉಳಿಯುವುದು ಹೇಗೆ? ಈ ಕಸುಬಿನ ದೊಡ್ಡವರ ಬದುಕನ್ನು ಒಬ್ಬೊಬ್ಬರದಾಗಿ ನೋಡುತ್ತ ಬಂದರೆ ಒಂದೇ ಉತ್ತರ ಸಿಗುತ್ತದೆ: ಎಷ್ಟು ಜನರ ಮೈಮೇಲೆ ಬರೆದರು ಎನ್ನುವುದಕ್ಕಿಂತ, ಎಷ್ಟು ಕೈಗಳಿಗೆ ಕಲಿಸಿದರು ಎನ್ನುವುದರ ಮೇಲೆ ಅದು ನಿಂತಿದೆ.

ಇದಕ್ಕೆ ಮೊದಲು ಏಳುವ ಆಕ್ಷೇಪ ಯಂತ್ರದ್ದು. ಹಚ್ಚೆಯನ್ನು ಬದಲಾಯಿಸಿದ್ದು ಯಾವ ಗುರುವೂ ಅಲ್ಲ, ವಿದ್ಯುತ್ ಎಂದು ವಾದಿಸಬಹುದು. ಥಾಮಸ್ ಎಡಿಸನ್ 1876ರಲ್ಲಿ ಒಂದು ವಿದ್ಯುತ್ ಲೇಖನಿಗೆ ಪೇಟೆಂಟ್ ಪಡೆದಿದ್ದ. ಕಾಗದಕ್ಕೆ ಸಾಲಾಗಿ ತೂತು ಕೊರೆದು, ಅದರಿಂದ ಪ್ರತಿಗಳನ್ನು ತೆಗೆಯುವ ಕಚೇರಿ ಸಾಧನ ಅದು. ಅದೇ ತತ್ವವನ್ನು ಚರ್ಮಕ್ಕೆ ಒಗ್ಗಿಸಿ 1891ರಲ್ಲಿ ಹಚ್ಚೆ ಯಂತ್ರದ ಪೇಟೆಂಟ್ ಪಡೆದವನು ನ್ಯೂಯಾರ್ಕ್‌ನ ಸ್ಯಾಮ್ಯುಯೆಲ್ ಓರೈಲಿ. ಮೂರು ವರ್ಷದ ನಂತರ ಲಂಡನ್ನಿನ ಸದರ್ಲೆಂಡ್ ಮ್ಯಾಕ್‌ಡೊನಾಲ್ಡ್ ಬ್ರಿಟನ್ನಿನಲ್ಲಿ ತನ್ನದೇ ಯಂತ್ರಕ್ಕೆ ಪೇಟೆಂಟ್ ಮಾಡಿಸಿದ. ಕೈಯಲ್ಲಿ ಚುಚ್ಚಿದರೆ ಗಂಟೆಗಟ್ಟಲೆ ಹಿಡಿಯುತ್ತಿದ್ದ ಕೆಲಸ ಬೇಗ ಮುಗಿಯತೊಡಗಿತು, ದರ ಇಳಿಯಿತು, ಗಿರಾಕಿ ಹೆಚ್ಚಿದರು. ಇಷ್ಟನ್ನು ಒಪ್ಪಲೇಬೇಕು. ಆದರೆ ಯಂತ್ರ ಕೊಟ್ಟದ್ದು ವೇಗವನ್ನು ಮಾತ್ರ. ಸೂಜಿ ಎಷ್ಟು ಆಳ ಇಳಿಯಬೇಕು, ಚರ್ಮವನ್ನು ಯಾವ ಕಡೆಗೆ ಎಳೆದು ಹಿಡಿಯಬೇಕು, ಎಲ್ಲಿ ಕೈ ಎತ್ತಬೇಕು ಎಂಬುದು ಯಾವ ಪೇಟೆಂಟ್ ಕಾಗದದಲ್ಲೂ ಇರಲಿಲ್ಲ. 1904ರಲ್ಲಿ ಆ ಯಂತ್ರದ ಸುಧಾರಿತ ರೂಪಕ್ಕೆ ಪೇಟೆಂಟ್ ಪಡೆದ ಚಾರ್ಲಿ ವ್ಯಾಗ್ನರ್ ಓರೈಲಿಯ ಬಳಿಯೇ ಪಳಗಿದವನು. ಅದೇ ವರ್ಷ ಸೇಂಟ್ ಲೂಯಿಸ್ ನಗರದ ವಿಶ್ವಮೇಳದಲ್ಲಿ ಮಾಡ್ ಎಂಬ ಸರ್ಕಸ್ ಕಲಾವಿದೆಗೆ ಗಸ್ ವ್ಯಾಗ್ನರ್ ಎಂಬ ಹಚ್ಚೆಗಾರನ ಪರಿಚಯವಾಯಿತು. ಅವನಿಂದ ಯಂತ್ರವಿಲ್ಲದ ಕೈಸೂಜಿಯ ವಿದ್ಯೆ ಕಲಿತು, ಅವನನ್ನೇ ಮದುವೆಯಾಗಿ, ಅಮೆರಿಕದ ಮೊದಲ ಮಹಿಳಾ ಹಚ್ಚೆ ಕಲಾವಿದೆ ಎಂದು ಆಕೆ ಹೆಸರಾದಳು. ಮಗಳು ಲೊಟೆವಾ ಕೂಡ ಬಾಲ್ಯದಲ್ಲೇ ಸೂಜಿ ಹಿಡಿಯಲು ಕಲಿತಳು. ಯಂತ್ರ ಬಂದು ಹದಿಮೂರು ವರ್ಷವಾಗಿದ್ದರೂ ವಿದ್ಯೆ ಮಾತ್ರ ಹಳೆಯ ದಾರಿಯಲ್ಲೇ, ಒಬ್ಬರ ಪಕ್ಕ ಇನ್ನೊಬ್ಬರು ಕೂತು, ಸಾಗುತ್ತಿತ್ತು.

ಈ ದಾರಿಯನ್ನು ಒಂದು ಶಿಸ್ತಾಗಿಯೇ ಬೆಳೆಸಿದ್ದು ಜಪಾನ್. 1827ರ ಸುಮಾರಿಗೆ ಉತಗಾವಾ ಕುನಿಯೋಶಿ ಎಂಬ ಚಿತ್ರಕಾರ ಚೀನಾದ ಹಳೆಯ ಕಾದಂಬರಿಯೊಂದರ ನೂರೆಂಟು ಬಂಡಾಯಗಾರರನ್ನು ಮರದಚ್ಚಿನ ಚಿತ್ರಗಳಲ್ಲಿ ಮೂಡಿಸಹೊರಟ. ಅವರಲ್ಲಿ ಹಲವರಿಗೆ ಮೈತುಂಬ ಹಚ್ಚೆ ಬರೆದ. ಎಡೊ ಪಟ್ಟಣದ ಕೂಲಿಕಾರರು, ಬೆಂಕಿ ಆರಿಸುವ ಪಡೆಯವರು ಆ ವೀರರಂತೆಯೇ ಬೆನ್ನ ಮೇಲೆ ಡ್ರ್ಯಾಗನ್, ಅಲೆ, ಸೇವಂತಿಗೆಗಳನ್ನು ಹಾಕಿಸಿಕೊಂಡರು. 1872ರಲ್ಲಿ ಮೇಜಿ ಸರ್ಕಾರ ಹಚ್ಚೆಯನ್ನು ನಿಷೇಧಿಸಿತು. ಪಾಶ್ಚಾತ್ಯರ ಕಣ್ಣಿಗೆ ತಮ್ಮ ದೇಶ ಅನಾಗರಿಕವಾಗಿ ಕಂಡೀತೆಂಬ ಅಳುಕು ಅದರ ಹಿಂದಿತ್ತು. ನಿಷೇಧ ತೆರವಾದದ್ದು 1948ರಲ್ಲಿ. ಎಪ್ಪತ್ತಾರು ವರ್ಷ ಕಾನೂನಿನ ಕಣ್ಣು ತಪ್ಪಿಸಿ ಒಂದು ಕಲೆ, ಅದೂ ಬೆನ್ನು ತುಂಬಲು ತಿಂಗಳು, ವರ್ಷಗಳೇ ಬೇಕಾಗುವ ಕಲೆ, ಬದುಕಿದ್ದು ಹೇಗೆ? ಗುರುವಿನ ಮನೆಯಲ್ಲಿ ಕಸ ಗುಡಿಸಿ, ಮಸಿ ತೇದು, ಸೂಜಿ ಕಟ್ಟಿ, ತನ್ನ ತೊಡೆಯ ಮೇಲೇ ಚುಚ್ಚಿ ಅಭ್ಯಾಸ ಮಾಡುವ ಶಿಷ್ಯರಿಂದ. ವಿದ್ಯೆ ಪಕ್ವವಾಯಿತು ಎನಿಸಿದಾಗ ಗುರು ತನ್ನ ಮನೆತನದ ಹೆಸರನ್ನೇ ಶಿಷ್ಯನಿಗೆ ಕೊಡುತ್ತಾನೆ. ಯೊಕೊಹಾಮಾದ ಯೋಶಿಹಿತೊ ನಕಾನೊ ಇಂದು ಲೋಕಕ್ಕೆ ಗೊತ್ತಿರುವುದು ಮೂರನೆಯ ಹೊರಿಯೋಶಿ ಎಂದು. ಈ ಕಾಲದ ಅತ್ಯಂತ ಗೌರವಾನ್ವಿತ ಹಚ್ಚೆ ಕಲಾವಿದನ ಹೆಸರಿನಲ್ಲೇ ಅವನಿಗಿಂತ ಮೊದಲಿನ ಇಬ್ಬರು ಇದ್ದಾರೆ. ನ್ಯೂಯಾರ್ಕ್ ನಗರವೂ ಕಾಮಾಲೆಯ ಭಯದಿಂದ 1961ರಿಂದ 1997ರವರೆಗೆ ಹಚ್ಚೆಗೆ ನಿಷೇಧ ಹೇರಿತ್ತು. ಅಲ್ಲಿಯೂ ಕಸುಬು ಸಾಯಲಿಲ್ಲ, ಅಂಗಡಿಯಿಂದ ಎದ್ದು ಮನೆಗಳಿಗೆ ಹೋಯಿತು.

ಮತ್ತೆ ಕಾಲಿನ್ಸ್‌ನತ್ತ ಬರೋಣ, ಏಕೆಂದರೆ ನನ್ನ ವಾದದ ಗಟ್ಟಿ ಸಾಕ್ಷಿ ಅವನೇ. ಪರ್ಲ್ ಹಾರ್ಬರ್ ದಾಳಿಯ ಕಹಿ ಅವನಲ್ಲಿ ಆರಿರಲಿಲ್ಲ. ಆದರೂ ಜಪಾನಿನ ಹಚ್ಚೆಗಾರರು ಬೆನ್ನನ್ನು ಒಂದೇ ಚಿತ್ರವಾಗಿ ಕಾಣುವ ರೀತಿ, ಗಾಳಿ-ನೀರಿನ ಹಿನ್ನೆಲೆಯಲ್ಲಿ ಬಿಡಿ ಚಿತ್ರಗಳನ್ನು ಬೆಸೆಯುವ ರೀತಿ ಅವನನ್ನು ಹಿಡಿದು ನಿಲ್ಲಿಸಿತು. ಗಿಫು ನಗರದ ಹೊರಿಹಿದೆ, ಅಂದರೆ ಕಜುವೊ ಒಗುರಿ, ಎಂಬುವನಿಗೆ ಪತ್ರ ಬರೆದ. ವಿನ್ಯಾಸಗಳು ಅಲ್ಲಿಂದ ಬಂದವು, ಅಮೆರಿಕದ ಬಣ್ಣ ಮತ್ತು ಸಲಕರಣೆಗಳ ಅರಿವು ಇಲ್ಲಿಂದ ಹೋಯಿತು. ಇದೇ ಪತ್ರಗಳ ಸೇತುವೆಯ ಮೇಲೆ ನಡೆದು 1973ರಲ್ಲಿ ಗಿಫುವಿಗೆ ಕಲಿಯಲು ಹೋದವನು ಎಡ್ ಹಾರ್ಡಿ. ಸ್ಯಾನ್ ಫ್ರಾನ್ಸಿಸ್ಕೊ ಕಲಾಶಾಲೆಯಲ್ಲಿ ಅಚ್ಚುಕಲೆಯ ಪದವಿ ಪಡೆದು, ಯೇಲ್ ವಿಶ್ವವಿದ್ಯಾಲಯದ ಅವಕಾಶವನ್ನು ಬಿಟ್ಟು ಸೂಜಿ ಹಿಡಿದವನು ಅವನು. ಮರುವರ್ಷ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಅವನು ತೆರೆದ ಅಂಗಡಿಯಲ್ಲಿ ಗೋಡೆಗೆ ಅಂಟಿಸಿದ ಸಿದ್ಧ ಚಿತ್ರಗಳಿಂದ ಆರಿಸುವ ಪದ್ಧತಿ ಇರಲಿಲ್ಲ. ಮೊದಲೇ ಸಮಯ ಗೊತ್ತುಮಾಡಿಕೊಂಡು ಬಂದ ಗಿರಾಕಿಯ ಜೊತೆ ಮಾತಾಡಿ, ಅವರಿಗೆಂದೇ ಚಿತ್ರ ರಚಿಸುತ್ತಿದ್ದ. ಇಂದು ಬೆಂಗಳೂರಿನಿಂದ ಬರ್ಲಿನ್‌ವರೆಗೆ ಟ್ಯಾಟೂ ಸ್ಟುಡಿಯೊಗಳು ನಡೆಯುವುದು ಬಹುಮಟ್ಟಿಗೆ ಈ ರೀತಿಯಲ್ಲೇ. ಕಾಲಿನ್ಸ್ 1973ರಲ್ಲೇ ತೀರಿಕೊಂಡ. ತನ್ನ ಅಂಗಡಿಯನ್ನು ತಾನು ಹೆಸರಿಸಿದ ಮೂವರು ಕಿರಿಯರಲ್ಲಿ ಒಬ್ಬರು ವಹಿಸಿಕೊಳ್ಳಬೇಕು, ಇಲ್ಲವಾದರೆ ಸುಟ್ಟುಬಿಡಬೇಕು ಎಂದು ಹೇಳಿಟ್ಟಿದ್ದ. ಹಾರ್ಡಿ ಆ ಮೂವರಲ್ಲಿ ಒಬ್ಬ. ಅಂಗಡಿ ಕೊನೆಗೆ ಮೈಕ್ ಮಲೋನ್ ಪಾಲಾಯಿತು. ಸಾಮಾನು, ಚಿತ್ರಪಟ, ಹೆಸರು ಯಾವುದೂ ಸರಿಯಾದ ಕೈಗೆ ಸೇರದೆ ಉಳಿಯಬಾರದು ಎಂಬ ಆ ಹಟದಲ್ಲಿ ತನ್ನ ಕಸುಬಿನ ಸ್ವಭಾವವನ್ನು ಅವನು ಯಾರಿಗಿಂತಲೂ ಚೆನ್ನಾಗಿ ಅರಿತಿದ್ದು ಕಾಣುತ್ತದೆ.

ಹೆಸರೂ ಪ್ರಭಾವವೇ ಅಲ್ಲವೇ ಎಂದು ಕೇಳಬಹುದು. ಹಾರ್ಡಿಯ ಹೆಸರು ಅತಿ ಹೆಚ್ಚು ಜನಕ್ಕೆ ತಲುಪಿದ್ದು ಕ್ರಿಶ್ಚಿಯನ್ ಓಡಿಜಿಯೆ ಎಂಬ ಉದ್ಯಮಿ ಮಾರಿದ ಟೀ ಶರ್ಟುಗಳ ಮೇಲೆ. ಆ ಶರ್ಟು ತೊಟ್ಟವರಲ್ಲಿ ಎಷ್ಟೋ ಮಂದಿಗೆ ಅವನು ಹಚ್ಚೆ ಕಲಾವಿದ ಎಂಬುದೂ ಗೊತ್ತಿರಲಿಲ್ಲ. ಆ ಪ್ರಸಿದ್ಧಿ ಬಂದಷ್ಟೇ ಬೇಗ ಇಳಿದುಹೋಯಿತು, ಅವನ ಅಂಗಡಿಯ ರೀತಿ ಉಳಿಯಿತು. ಛಾಯಾಚಿತ್ರದ ಆಕ್ಷೇಪ ಇದಕ್ಕಿಂತ ಬಲವಾದದ್ದು. ಇಂದು ಇನ್‌ಸ್ಟಾಗ್ರಾಂ ತೆರೆದರೆ ಜಗತ್ತಿನ ಯಾವ ಮೂಲೆಯ ಕೆಲಸವೂ ಕಣ್ಣೆದುರಿಗಿರುತ್ತದೆ, ಗುರುವಿನ ಅಗತ್ಯವೇನು? ಆದರೆ ಪಟದಲ್ಲಿ ಕಾಣುವುದು ಚಿತ್ರ, ಆಳ ಅಲ್ಲ. ಮೇಲ್ಚರ್ಮ ಸದಾ ಉದುರುತ್ತಲೇ ಇರುತ್ತದೆ. ಬಣ್ಣ ನಿಲ್ಲುವುದು ಅದರ ಕೆಳಗಿನ ಒಳಚರ್ಮದಲ್ಲಿ, ಒಂದೆರಡು ಮಿಲಿಮೀಟರ್ ಆಳದಲ್ಲಿ. ಅಲ್ಲಿ ಮ್ಯಾಕ್ರೊಫೇಜ್ ಎಂಬ ರಕ್ಷಕ ಕೋಶಗಳು ಬಣ್ಣದ ಕಣಗಳನ್ನು ನುಂಗಿ ಹಿಡಿದಿಡುತ್ತವೆ. ಆ ಕೋಶಗಳು ಸತ್ತಾಗ ಹೊಸ ಕೋಶಗಳು ಅದೇ ಕಣಗಳನ್ನು ಮತ್ತೆ ನುಂಗುತ್ತವೆ ಎಂದು 2018ರಲ್ಲಿ ಫ್ರಾನ್ಸ್‌ನ ವಿಜ್ಞಾನಿಗಳು ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿದರು. ಸೂಜಿ ಮೇಲಾದರೆ ಬಣ್ಣ ನಿಲ್ಲದು, ಆಳವಾದರೆ ಒಳಗೇ ಹರಡಿ ಗೆರೆ ಮಬ್ಬಾಗುತ್ತದೆ. ಹೊಟ್ಟೆಯ ಚರ್ಮಕ್ಕೂ ಮೊಣಕೈ ಚರ್ಮಕ್ಕೂ ಇರುವ ವ್ಯತ್ಯಾಸವನ್ನು ಪರದೆ ಹೇಳಿಕೊಡಲಾರದು. ಕೃತಿಯನ್ನೇ ಉಳಿಸಲು ಹೊರಟವರೂ ಇದ್ದಾರೆ. ಜಪಾನಿನ ರೋಗವಿಜ್ಞಾನಿ ಫುಕುಶಿ ಮಸೈಚಿ (1878–1956) ಹಚ್ಚೆ ಹಾಕಿಸಿಕೊಂಡವರನ್ನು ಒಪ್ಪಿಸಿ, ಅವರು ತೀರಿಕೊಂಡ ಮೇಲೆ ಚರ್ಮವನ್ನು ಸಂಸ್ಕರಿಸಿ ಇಟ್ಟರು. ಆ ಸಂಗ್ರಹ ಟೋಕಿಯೊ ವಿಶ್ವವಿದ್ಯಾಲಯದಲ್ಲಿದೆ. ಅದರ ಬೆಲೆಯನ್ನು ಅಲ್ಲಗಳೆಯುವಂತಿಲ್ಲ, ಆದರೆ ಆ ಗಾಜಿನ ಪೆಟ್ಟಿಗೆಗಳಿಂದ ಸೂಜಿ ಹಿಡಿಯುವುದನ್ನು ಕಲಿಯಲಾಗದು.

ಇನ್ನು ಕಷ್ಟದ ಪ್ರಶ್ನೆ: ಕೈಯಿಂದ ಕೈಗೆ ಎಂದರೆ ಯಾರ ಕೈಗೆ? ಸಮೋವಾದಲ್ಲಿ ಹಚ್ಚೆಯ ವಿದ್ಯೆ ಕೆಲವೇ ಮನೆತನಗಳ ಹಕ್ಕು. ಗಂಡಸರಿಗೆ ಸೊಂಟದಿಂದ ಮೊಣಕಾಲಿನವರೆಗೆ ಹಾಕುವ ಪೆಆ ಎಂಬ ಹಚ್ಚೆಯನ್ನು ಹಲ್ಲಿನ ಬಾಚಣಿಗೆಯಂಥ ಸಾಧನವನ್ನು ಕೋಲಿನಿಂದ ಬಡಿದು ಮೂಡಿಸುತ್ತಾರೆ. ಕಲಿಯುವವನು ಮೊದಲು ಮಾಡುವ ಕೆಲಸ ಬಡಿಯುವುದಲ್ಲ, ಪಕ್ಕದಲ್ಲಿ ಕೂತು ಚರ್ಮವನ್ನು ಬಿಗಿಯಾಗಿ ಎಳೆದು ಹಿಡಿಯುವುದು. ಈ ವಿದ್ಯೆಯ ಸುಲುಆಪೆ ಮನೆತನದ ಎರಡನೆಯ ಪೌಲೊ ಆಕ್ಲೆಂಡ್‌ಗೆ ವಲಸೆ ಹೋಗಿ, ಸಮೋವಾದವರಲ್ಲದವರಿಗೂ ಹಚ್ಚೆ ಹಾಕಿದ, ಕೆಲವರಿಗೆ ಮನೆತನದ ಬಿರುದನ್ನೂ ಕೊಟ್ಟ. ಇದು ಅವನ ಜನರಲ್ಲಿ ದೊಡ್ಡ ವಾಗ್ವಾದವನ್ನೇ ಎಬ್ಬಿಸಿತು. ಫಿಲಿಪೀನ್ಸ್‌ನ ಕಲಿಂಗ ಪ್ರಾಂತ್ಯದ ಬುಸ್ಕಲನ್ ಹಳ್ಳಿಯಲ್ಲಿ 1917ರಲ್ಲಿ ಹುಟ್ಟಿದ ವಾಂಗ್ ಓಡ್ ನಡೆದದ್ದು ಇನ್ನೊಂದು ದಾರಿ. ಚಕ್ಕೋತದ ಮುಳ್ಳು, ಒಲೆಯ ಮಸಿ, ಬಿದಿರ ಕೋಲು ಆಕೆಯ ಸಾಧನಗಳು. ವಿದ್ಯೆ ರಕ್ತಸಂಬಂಧದವರಿಗೆ ಮಾತ್ರ ಎಂಬ ಕಟ್ಟಳೆಗೆ ಆಕೆ ಬದ್ಧಳು. ಮಕ್ಕಳಿಲ್ಲದ ಕಾರಣ ತನ್ನ ವಂಶದ ಮೊಮ್ಮಕ್ಕಳ ಸಾಲಿನ ಗ್ರೇಸ್ ಮತ್ತು ಎಲ್ಯಾಂಗ್ ಎಂಬಿಬ್ಬರಿಗೆ ಕಲಿಸಿದಳು. 2023ರಲ್ಲಿ ವೋಗ್ ಪತ್ರಿಕೆಯ ಫಿಲಿಪೀನ್ಸ್ ಆವೃತ್ತಿ 106ರ ಆಕೆಯನ್ನು ಮುಖಪುಟದಲ್ಲಿ ಹಾಕಿತು. ಅದಕ್ಕಿಂತ ದೊಡ್ಡ ಸುದ್ದಿ ಆ ಇಬ್ಬರು ಹುಡುಗಿಯರು. ವಿದ್ಯೆಯನ್ನು ಹೊರಗಿನವರಿಗೆ ಬಿಟ್ಟುಕೊಟ್ಟರೆ ಅರ್ಥ ಸವೆಯುತ್ತದೆ ಎಂಬ ಭಯ ಸುಳ್ಳಲ್ಲ, ಸಮುದ್ರ ದಾಟಿದ ಎಷ್ಟೋ ಪವಿತ್ರ ಚಿಹ್ನೆಗಳು ಬರೀ ಅಲಂಕಾರವಾಗಿವೆ. ಆದರೂ ನನ್ನ ತೂಕ ಪೌಲೊನ ಕಡೆಗೇ ವಾಲುತ್ತದೆ. ಹವಾಯಿಯಲ್ಲಿ ಹಚ್ಚೆಯ ಪರಂಪರೆ ಕಡಿದುಹೋದಾಗ ಅದನ್ನು ಮತ್ತೆ ಹಿಡಿದೆತ್ತಿದ ಕಿಯೋನೆ ನ್ಯೂನ್ಸ್‌ಗೆ ಬಡಿಯುವ ಕೈಚಳಕ ಕಲಿಸಿದವನು ಅವನೇ. ತನ್ನ ಅಜ್ಜಂದಿರಿಂದ ಸಿಗಲಾರದ್ದು ನ್ಯೂನ್ಸ್‌ಗೆ ದೂರದ ದ್ವೀಪದವನಿಂದ ಸಿಕ್ಕಿತು. ಹಾಕುವ ಕೈಚಳಕ ಹೊರಗಿನದಾದರೂ ವಿನ್ಯಾಸ ಮತ್ತು ಅರ್ಥ ಹವಾಯಿಯದೇ ಆಗಿ ಉಳಿಯಲು ಸಾಧ್ಯವಾಯಿತು.

ಈ ಮಾತನ್ನು ಕರ್ನಾಟಕಕ್ಕೆ ತಂದಾಗ ಮನಸ್ಸು ಭಾರವಾಗುತ್ತದೆ. ನಮ್ಮಲ್ಲಿ ಹಚ್ಚೆ ಹೊಯ್ಯುತ್ತಿದ್ದವರು ಕೊರವ, ಕೊರಚ ಸಮುದಾಯಗಳ ಹೆಂಗಸರು, ಕೆಲವೆಡೆ ಕಿಳ್ಳೇಕ್ಯಾತರ ಹೆಂಗಸರು. ಬುಟ್ಟಿ ಹೆಣೆದು ಮಾರುತ್ತ, ಕಣಿ ಹೇಳುತ್ತ ಊರೂರು ತಿರುಗುತ್ತಿದ್ದ ಕೊರವಂಜಿ, ಜಗಲಿಯ ಮೇಲೆ ಕೂತು ಕಾಡಿಗೆಗೆ ಸೊಪ್ಪಿನ ರಸ ಕಲಸಿ, ಅಳುವ ಹುಡುಗಿಗೆ ಹಾಡು ಹೇಳುತ್ತ, ಮುಂಗೈ ಮೇಲೆ ರಂಗೋಲಿಯ ಎಳೆ, ಚೇಳು, ಚುಕ್ಕಿಗಳನ್ನು ಮೂಡಿಸುತ್ತಿದ್ದಳು. ಕೂಲಿ ರಾಗಿಯೋ ಜೋಳವೋ. ನಮ್ಮ ಅಜ್ಜಿಯರ ಎಷ್ಟು ಮೊಣಕೈಗಳ ಮೇಲೆ ಅವಳ ಕೈಬರಹವಿತ್ತು ಎಂದು ಲೆಕ್ಕ ಹಾಕಿದರೆ, ಈ ನಾಡಿನ ಅತ್ಯಂತ ಪ್ರಭಾವಶಾಲಿ ಚಿತ್ರಕಾರರು ಅವರೇ ಇದ್ದಾರು. ಒಬ್ಬಳ ಹೆಸರೂ ಚರಿತ್ರೆಯಲ್ಲಿಲ್ಲ. ಹೆಸರಿಲ್ಲದಿರುವುದು ದೊಡ್ಡ ನಷ್ಟವಲ್ಲ, ತಾಯಿಯಿಂದ ಮಗಳಿಗೆ ವಿದ್ಯೆ ಸಾಗುವವರೆಗೆ ಹೆಸರಿನ ಅಗತ್ಯ ಬೀಳಲಿಲ್ಲ. ನಷ್ಟವಾದದ್ದು ಆ ಸಾಗಾಟ ನಿಂತಾಗ. ಬ್ರಿಟಿಷ್ ಸರ್ಕಾರ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಡಿ ಕೊರವರನ್ನೂ ಪಟ್ಟಿಗೆ ಸೇರಿಸಿತು. ಬಿಜಾಪುರ, ಹುಬ್ಬಳ್ಳಿ, ಸೊಲ್ಲಾಪುರಗಳಲ್ಲಿ ಅಂಥ ಪಟ್ಟಿಗೆ ಸೇರಿದ ಸಮುದಾಯಗಳಿಗಾಗಿ ಸೆಟ್ಲ್‌ಮೆಂಟ್‌ಗಳು ಎದ್ದವು. ಕಾಯ್ದೆ ಹೋದದ್ದು 1952ರಲ್ಲಿ. ತಿರುಗಾಟವೇ ಬದುಕಾದ ಕಸುಬಿಗೆ ತಿರುಗಾಟವೇ ಅಪರಾಧವಾದರೆ ಏನಾಗಬಹುದೋ ಅದೇ ಆಯಿತು. ಸಮುದಾಯದ ಮೇಲೆ ಹೊರಿಸಿದ ಕಳಂಕ ಮೈಮೇಲಿನ ಹಚ್ಚೆಗೂ ಅಂಟಿತು, ಓದಿದ ಮನೆಗಳಲ್ಲಿ ಹಚ್ಚೆ ಹಳ್ಳಿಗಾಡಿನ ಗುರುತೆನಿಸಿತು. ಈಗ ಜಾತ್ರೆಗಳಲ್ಲಿ ಬ್ಯಾಟರಿ ಯಂತ್ರ ಹಿಡಿದು ಕೂತವರ ಕೈಯಲ್ಲಿರುವುದು ಓರೈಲಿಯ ವಂಶದ ಸಾಧನ, ಪಕ್ಕದ ಹಲಗೆಯ ಮೇಲಿನ ಚಿತ್ರಗಳಲ್ಲಿ ಕೊರವಂಜಿಯ ಎಳೆ ಹುಡುಕಿದರೂ ಸಿಗುವುದು ಕಷ್ಟ.

ಬೆಂಗಳೂರು, ಮೈಸೂರುಗಳ ಸ್ಟುಡಿಯೊಗಳಲ್ಲಿ ಇಂದು ಒಳ್ಳೆಯ ಕೈಗಳಿವೆ. ಅವರು ಜಪಾನಿನ ಅಲೆಯನ್ನೂ ಪಾಲಿನೇಷ್ಯಾದ ಪಟ್ಟಿಯನ್ನೂ ಸೊಗಸಾಗಿ ಹಾಕಬಲ್ಲರು. ಹಳೆಯ ಹಚ್ಚೆಯ ಮಾದರಿಗಳನ್ನು ಕಾಗದಕ್ಕಿಳಿಸುವ ಉತ್ಸಾಹವೂ ಅಲ್ಲಲ್ಲಿ ಕಾಣುತ್ತಿದೆ. ಕಾಗದಕ್ಕಿಳಿಸುವುದು ಬೇಕು, ಸಾಲದು. ಹಚ್ಚೆ ಹೊಯ್ದು ಗೊತ್ತಿರುವ ಮುದುಕಿಯರು ಹಳ್ಳಿಗಳಲ್ಲಿ ಎಲ್ಲಿದ್ದರೂ, ಸೂಜಿ ಶುದ್ಧ ಮಾಡುವ ಇಂದಿನ ಕ್ರಮವನ್ನು ಬಿಡದೆ, ಅವರ ಪಕ್ಕ ಕೂತು ಎಳೆಯುವ ಕ್ರಮವನ್ನೂ ಹಾಡನ್ನೂ ಒಟ್ಟಿಗೆ ಕಲಿಯಬೇಕು. ಕಲಿಸಿದವರಿಗೆ ಗುರುವಿನ ಕಾಣಿಕೆಯೂ ಹೆಸರೂ ಸಲ್ಲಬೇಕು. ಮೊದಲು ಕಲಿಯಲು ಬರುವವರು ಆ ಸಮುದಾಯಗಳ ಹೆಣ್ಣುಮಕ್ಕಳೇ ಆದರೆ ಇನ್ನೂ ಒಳ್ಳೆಯದು. ಇಲ್ಲಿ ಅಂಥ ಕೈ ಒಂದೂ ಉಳಿದಿಲ್ಲ ಎಂದೇ ಇಟ್ಟುಕೊಂಡರೂ ನ್ಯೂನ್ಸ್ ಹಿಡಿದ ದಾರಿ ತೆರೆದೇ ಇದೆ. ಮಧ್ಯಪ್ರದೇಶದಲ್ಲಿ ಬೈಗಾ ಹೆಂಗಸರ ಹಣೆ, ಕಾಲು, ಬೆನ್ನಿನ ಮೇಲೆ ಬಾದಿ ಸಮುದಾಯದ ಹೆಂಗಸರು ಕಟ್ಟಿದ ಸೂಜಿಗಳಿಂದ ಗೋದನಾ ಎಂಬ ಹಚ್ಚೆ ಹಾಕುವ ಪರಂಪರೆ ಇನ್ನೂ ಅಳಿದಿಲ್ಲ.